ಎಂಟು ಬ್ಲೈಂಡ್ ಇಟ್ಟುಕೊಂಡು ಯಾರಿಗೆ ಕಾಯ್ತೀರಿ?

ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ನನ್ನ ಫೋನ್ ಸದ್ದು ಮಾಡಿದರೆ ಅದು ಗದಗಿನ ಹುಡುಗನದೇ. ಬಟ್ಟೆ ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ ಪೋಕರ್ ಟೂರ್ನಮೆಂಟ್‌ಗೆ ಕೂರುತ್ತಾನೆ. ಔಟ್ ಆದ ಕೂಡಲೇ ಸ್ಕ್ರೀನ್‌ಶಾಟ್ ಬರುತ್ತದೆ. ಕೆಳಗೆ ಒಂದೇ ಸಾಲು: "ಎಲೀನ ಬರ್ಲಿಲ್ರಿ ಸರ."

ಧಾರವಾಡದ ಸಪ್ತಾಪುರದಲ್ಲಿ ಹಗಲು ಪರೀಕ್ಷೆಗೆ ಓದುವ ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ. ಸಂಜೆ ಒಂದಷ್ಟು ಜನರಿಗೆ ಪೋಕರ್ ಲೆಕ್ಕ. ಹಗಲಿನ ಹುಡುಗರು "ಪೇಪರ್ ಟಫ್ ಇತ್ರಿ" ಅನ್ನುತ್ತಾರೆ, ಸಂಜೆಯವರು "ಎಲಿ ಬರ್ಲಿಲ್ರಿ" ಅನ್ನುತ್ತಾರೆ. ಎರಡೂ ಒಂದೇ ಜಾತಿಯ ಮಾತು.

ಮುಂದೆ ಹೋಗುವ ಮೊದಲು ಒಂದು ಮಾತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಪಾಸಾದ ಮೇಲೆ ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್ ಪೋಕರ್ ಆಡಿಸುವ ಹಾಗಿಲ್ಲ. ನನ್ನ ಹತ್ತಿರ ಬರುವವರು ಈಗ ಬಿಟ್ಟಿ ಚಿಪ್ಸ್ ಆಟ ಆಡುತ್ತಾರೆ. ಯಾವುದೋ ಹೊರಗಿನ ಆ್ಯಪ್‌ನ ಲಿಂಕ್ ಕಳಿಸಿ "ಇದು ನಡೀತದೇನ್ರಿ?" ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಇಲ್ಲಿರುವುದು ಬರೀ ಚಿಪ್ಸ್ ಲೆಕ್ಕ.

ಗದಗಿನ ಹುಡುಗನ ಆಟಕ್ಕೆ ಬರೋಣ. ಒಂಬತ್ತು ಜನರ ಟೇಬಲ್. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟಬೇಕಾದ ಪಂತಕ್ಕೆ ಬ್ಲೈಂಡ್ ಅನ್ನುತ್ತಾರೆ; ಇಲ್ಲಿ ಸ್ಮಾಲ್ 1,000, ಬಿಗ್ 2,000. ಬಿಗ್ ಬ್ಲೈಂಡ್‌ನವನು ಅದರ ಮೇಲೆ ಟೇಬಲ್‌ನವರೆಲ್ಲರ ಪರವಾಗಿ 2,000 ಆ್ಯಂಟಿ ಕಟ್ಟಬೇಕು. (ಈ ಪದದ ಗೋಳು ಬೇರೆ. "ಆ್ಯಂಟಿ ಭಾಳ ತಿನ್ನಾಕತ್ತೈತ್ರಿ" ಅಂತ ಒಬ್ಬರು ಫೋನಿನಲ್ಲಿ ಅಂದದ್ದು ಅವರ ಮನೆಯವರ ಕಿವಿಗೆ ಬಿತ್ತು. ನಾನೇ ಫೋನ್ ತೆಗೆದುಕೊಂಡು ವಿವರಿಸಬೇಕಾಯಿತು.) ಹುಡುಗನ ಹತ್ತಿರ 16,000, ಅಂದರೆ ಎಂಟು ಬಿಗ್ ಬ್ಲೈಂಡ್. ಬಟನ್‌ನಲ್ಲಿ ಕೂತಿದ್ದಾನೆ, ಅಂದರೆ ಇವನಾದ ಮೇಲೆ ಉಳಿಯುವುದು ಬ್ಲೈಂಡ್‌ನ ಇಬ್ಬರೇ. ಇವನಿಗಿಂತ ಮೊದಲಿನವರೆಲ್ಲ ಫೋಲ್ಡ್, ಎಲೆ ಬಿಟ್ಟರು. ಕೈಯಲ್ಲಿ ರಾಜ ಮತ್ತು 10. ಫೋಲ್ಡ್ ಮಾಡಿದ. ಮುಂದಿನ ಆಟದಲ್ಲಿ ಗುಲಾಮ ಮತ್ತು 9, ಎರಡೂ ಕಳಾವರ್. ಮತ್ತೆ ಎಲ್ಲರೂ ಫೋಲ್ಡ್ ಆಗಿ ಅವನವರೆಗೆ ಬಂತು. ಅದನ್ನೂ ಬಿಟ್ಟ. ಸರದಿ ಬಂದಾಗ ಬಿಗ್ ಬ್ಲೈಂಡ್, ಆ್ಯಂಟಿ ಕಟ್ಟಿದ. ಸ್ಮಾಲ್ ಬ್ಲೈಂಡ್‌ನಲ್ಲಿ ಎಕ್ಕ ಮತ್ತು 4 ಬಂತು, ಎದುರು ಒಬ್ಬನೇ ಇದ್ದ. ಅದನ್ನೂ ಬಿಟ್ಟ!

ಒಂದು ಸುತ್ತು ಮುಗಿಯಿತು, 11,000 ಉಳಿಯಿತು. ಅಷ್ಟರಲ್ಲಿ ಬ್ಲೈಂಡ್ 1,500 ಮತ್ತು 3,000ಕ್ಕೆ ಏರಿತು, ಆ್ಯಂಟಿಯೂ 3,000 ಆಯಿತು. ಎಂಟು ಬ್ಲೈಂಡ್ ಇದ್ದವನು ಒಂದೂ ಕೈ ಆಡದೆ ನಾಲ್ಕಕ್ಕಿಂತ ಕೆಳಗೆ ಇಳಿದ. ಆಮೇಲೆ ಕಟಾಫ್‌ನಲ್ಲಿ (ಬಟನ್‌ಗಿಂತ ಒಂದು ಕುರ್ಚಿ ಮೊದಲು) ಜೋಡಿ 9 ಬಂತು. ಖುಷಿಯಿಂದ ಆಲ್-ಇನ್, ಇದ್ದ ಚಿಪ್ಸ್ ಎಲ್ಲ ಒಮ್ಮೆಗೇ ಮುಂದಕ್ಕೆ. ಹಿಂದಿದ್ದ ಮೂವರೂ ಕಾಲ್ ಮಾಡಿದರು, ಅಷ್ಟೇ ಚಿಪ್ಸ್ ತಾವೂ ಹಾಕಿದರು. ಜೋಡಿ 9 ಒಬ್ಬನ ಯಾವುದೋ ಎಲೆಯ ಎದುರು ನೂರಕ್ಕೆ ಎಪ್ಪತ್ತು ಸಲ ಗೆಲ್ಲುತ್ತದೆ. ಮೂವರ ಎದುರು ಅರ್ಧಕ್ಕಿಂತ ಕಡಿಮೆ. ಸೋತ. "ಎಲೀನ ಬರ್ಲಿಲ್ರಿ ಸರ."

ಬಂದಿತ್ತಲ್ಲೋ ಮಾರಾಯ, ಮೂರು ಸಲ ಬಂದಿತ್ತು!

ನಾನು ಹೇಳಿ ಹೇಳಿ ಸಾಕಾಗಿರುವ ಒಂದೇ ಸಂಗತಿ ಇದು. ಚಿಪ್ಸ್ ಕಡಿಮೆ ಇದ್ದಾಗ ನಿಮ್ಮ ಆಸ್ತಿ ಎಲೆ ಅಲ್ಲ. ಎದುರಿನವರನ್ನು ಓಡಿಸುವ ಶಕ್ತಿ. ಎಂಟು ಬ್ಲೈಂಡ್‌ಗೆ ಅದು ಇದೆ, ನಾಲ್ಕಕ್ಕೆ ಹೆಚ್ಚುಕಡಿಮೆ ಇಲ್ಲ.

ಲೆಕ್ಕ ಹಾಕಿ ನೋಡಿ. ಹುಡುಗ ಬಟನ್‌ನಿಂದ 16,000 ಪೂರ್ತಿ ತಳ್ಳಿದ, ಅಂದರೆ ಆಲ್-ಇನ್ ಹಾಕಿದ ಅಂತ ಇಟ್ಟುಕೊಳ್ಳಿ. ಮಧ್ಯದಲ್ಲಿ ಆಗಲೇ 5,000 ಬಿದ್ದಿದೆ. ಬಿಗ್ ಬ್ಲೈಂಡ್‌ನವನು ಕಾಲ್ ಮಾಡಬೇಕಾದರೆ ಇನ್ನೂ 14,000 ಹಾಕಬೇಕು, ಒಟ್ಟು 35,000ದ ಪಾಟ್‌ಗಾಗಿ, ಅಂದರೆ ಮಧ್ಯದ ರಾಶಿಗಾಗಿ. ಅಂದರೆ ನೂರಕ್ಕೆ 40 ಸಲ ಗೆಲ್ಲುವ ಎಲೆ ಬೇಕು. 8-3 ಹಿಡಿದವನು ಬಿಟ್ಟು ಹೋಗುತ್ತಾನೆ. ಈಗ ಎರಡನೇ ಸಲದ್ದು ನೋಡಿ. ಹುಡುಗ ತಳ್ಳಿದ್ದು 11,000, ಬಿಗ್ ಬ್ಲೈಂಡ್‌ನವನು ಹಾಕಬೇಕಾದ್ದು ಬರೀ 8,000. ಉಳಿದಿಬ್ಬರು ಬಿಟ್ಟರು ಅಂದುಕೊಂಡರೂ ಪಾಟ್ 26,500. ನೂರಕ್ಕೆ 30 ಸಲ ಗೆದ್ದರೆ ಸಾಕು. ಅಷ್ಟು ಅವಕಾಶ ಹೆಚ್ಚುಕಡಿಮೆ ಯಾವ ಎರಡು ಎಲೆಗೂ ಇರುತ್ತದೆ. ಅವನು ಕಣ್ಣುಮುಚ್ಚಿ ಕಾಲ್ ಮಾಡುತ್ತಾನೆ, ಮಾಡಬೇಕು ಕೂಡ. ನೀವು ಕಾಯ್ದು ಕಾಯ್ದು ಒಳ್ಳೆ ಎಲೆ ತಂದಿರಿ. ಅದನ್ನು ನೋಡಿ ಹೆದರುವವರೇ ಈಗ ಇಲ್ಲ.

"ಆದ್ರೂ ರಾಜ-10 ಏನ್ ಎಲಿರಿ ಅದು?" ಅಂತ ಕೇಳುತ್ತಾರೆ. ಕಾಲ್ ಬಿದ್ದರೆ ನೂರಕ್ಕೆ 35 ಸಲ ಮಾತ್ರ ಗೆಲ್ಲುತ್ತದೆ ಅಂತ ಕಡಿಮೆಯೇ ಹಿಡಿಯೋಣ. ಹಿಂದಿನ ಇಬ್ಬರೂ ಬಿಡುವುದು ನೂರಕ್ಕೆ 60 ಸಲ ಅನ್ನೋಣ. ಇದು ನನ್ನ ಅಂದಾಜು, ಟೇಬಲ್ ನೋಡಿ ಬದಲಾಗುತ್ತದೆ. ಆ 60 ಸಲವೂ 5,000 ಪುಕ್ಕಟೆ. ಸರಾಸರಿ 3,000 ಬಂತು. ಉಳಿದ 40 ಸಲ ಕಾಲ್ ಬೀಳುತ್ತದೆ. 35,000ದಲ್ಲಿ ನಿಮ್ಮ ಪಾಲು 12,250, ಹಾಕಿದ್ದು 16,000, ಕೊರತೆ 3,750. ಅದು 40 ಸಲಕ್ಕೆ ಅಂದರೆ ಸರಾಸರಿ 1,500 ಹೋಯಿತು. ಬಂದದ್ದು 3,000, ಹೋದದ್ದು 1,500. ಕಾಲ್ ಬಿದ್ದಾಗಲೆಲ್ಲ ಹಿಂದೆ ಬಿದ್ದಿದ್ದೀರಿ, ಆದರೂ ಒಟ್ಟಿನಲ್ಲಿ ಲಾಭ. ಬೋರ್ಡ್ ಮೇಲೆ ಇದನ್ನು ಬರೆದಾಗ ಎಲ್ಲರೂ ತಲೆ ಆಡಿಸುತ್ತಾರೆ. ರಾತ್ರಿ ಮತ್ತೆ ಫೋಲ್ಡ್ ಮಾಡುತ್ತಾರೆ.

ಇನ್ನು ಕಾಯುವವರ ಕನಸಿನ ಎಲೆ. ಜೋಡಿ 10ರಿಂದ ಜೋಡಿ ಎಕ್ಕದವರೆಗೆ, ಜೊತೆಗೆ ಎಕ್ಕ-ರಾಜ, ಎಕ್ಕ-ರಾಣಿ. ಎರಡು ಎಲೆಯ ಒಟ್ಟು 1,326 ಜೋಡಣೆಯಲ್ಲಿ ಇಷ್ಟೂ ಸೇರಿ 62. ಸುಮಾರು 21 ಆಟಕ್ಕೆ ಒಂದು. ಒಂದು ಸುತ್ತಿನ ಒಂಬತ್ತು ಆಟದಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 35. ಎರಡೂವರೆ ಬ್ಲೈಂಡ್ ಮಾತ್ರ ಖಂಡಿತ ಹೋಗುತ್ತದೆ.

ಹಾವೇರಿ ಕಡೆಯ ಒಬ್ಬ ಹಿರಿಯರು ಬರುತ್ತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಈ ಲೆಕ್ಕ ಅವರಿಗೆ ಒಂದೇ ಮಾತಿಗೆ ಹತ್ತಿತು. "ತಿಳೀತ್ ಬಿಡ್ರಿ ಸರ. ಕೋಲ್ಡ್ ಸ್ಟೋರೇಜಿನಾಗ ಚೀಲ ಇಟ್ಟು ದರ ಏರ್ಲಿ ಅಂತ ಕುಂತಂಗ. ದರ ಏರೂದ್ರಾಗ ಬಾಡಗಿ ತಿಂದ್ ಹೋಗಿರ್ತದ." ನಾನು ಆವತ್ತು ಅವರಿಗೆ ಗಿರ್ಮಿಟ್ಟು, ಮಿರ್ಚಿ ಕೊಡಿಸಿದೆ.

ಒಂದೇ ವಾರ. ಅವರದೂ ಫೋನ್ ಬಂತು. ಹನ್ನೆರಡು ಬ್ಲೈಂಡ್ ಇತ್ತಂತೆ. ಟೇಬಲ್‌ನ ಮೊದಲ ಕುರ್ಚಿಯವನು, ಅಂದರೆ ಎಲ್ಲರಿಗಿಂತ ಮೊದಲು ಆಡಬೇಕಾದವನು, ಆಲ್-ಇನ್ ಹಾಕಿದ, ಇವರು ಎಕ್ಕ-9 ಹಿಡಿದು ಕಾಲ್ ಮಾಡಿದರು. ಅವನು ತೋರಿಸಿದ್ದು ಎಕ್ಕ-ರಾಜ. "ನೀವ ಹೇಳಿದ್ರಲ್ರಿ, ಕಾಯ್ಕೊಂತ ಕೂಡಬ್ಯಾಡ ಅಂತ!"

ತಪ್ಪು ಅರ್ಧ ನನ್ನದೇ. ತಳ್ಳುವುದು ಬೇರೆ, ಕಾಲ್ ಮಾಡುವುದು ಬೇರೆ ಅಂತ ಅವತ್ತೇ ಒತ್ತಿ ಹೇಳಬೇಕಿತ್ತು. ತಳ್ಳುವವನಿಗೆ ಗೆಲ್ಲಲು ಎರಡು ದಾರಿ. ಎಲ್ಲರೂ ಓಡಬಹುದು, ಇಲ್ಲವೇ ಎಲೆ ಗೆಲ್ಲಬಹುದು. ಕಾಲ್ ಮಾಡುವವನಿಗೆ ಎಲೆಯೊಂದೇ ದಾರಿ, ಓಡಿಸಲು ಯಾರೂ ಉಳಿದಿಲ್ಲ. ಅದೇ ಎಕ್ಕ-9 ಅನ್ನು ಇವರೇ ಬಟನ್‌ನಿಂದ ಮೊದಲು ತಳ್ಳಿದ್ದರೆ ನಾನು ಶಭಾಷ್ ಅನ್ನುತ್ತಿದ್ದೆ. ಎಂಟು ಜನ ಹಿಂದೆ ಇದ್ದಾಗಲೂ ಮೊದಲ ಕುರ್ಚಿಯಿಂದ ತಳ್ಳುವವನ ಹತ್ತಿರ ಗಟ್ಟಿ ಎಲೆ ಇರುತ್ತದೆ. ಎಕ್ಕ-ರಾಜದ ಎದುರು ಎಕ್ಕ-9 ಗೆಲ್ಲುವುದು ನಾಲ್ಕರಲ್ಲಿ ಒಂದು ಸಲ. ಗುಲಾಮ-10 ಒಂದೇ ಗುರುತಿನದ್ದಾದರೆ (ಎರಡೂ ಕಳಾವರ್ ಅನ್ನಿ) ಅದೇ ಎಕ್ಕ-ರಾಜದ ಎದುರು ನೂರಕ್ಕೆ ಸುಮಾರು 40 ಸಲ ಗೆಲ್ಲುತ್ತದೆ! ಎಕ್ಕ ಕಂಡರೆ ನಮ್ಮವರಿಗೆ ಮೈಮೇಲೆ ದೇವರು ಬರುತ್ತದೆ, ಏನು ಮಾಡುವುದು.

ಇಬ್ಬರೇ ಉಳಿದಾಗಲೂ ಈ ಅಂತರ ಹಾಗೇ ಇರುತ್ತದೆ. ಹತ್ತು ಬ್ಲೈಂಡ್ ಇದ್ದರೆ ನ್ಯಾಶ್ ಚಾರ್ಟ್ (ಯಾವ ಎಲೆ ತಳ್ಳಬೇಕು, ಯಾವುದಕ್ಕೆ ಕಾಲ್ ಮಾಡಬೇಕು ಅನ್ನುವ ಲೆಕ್ಕದ ಪಟ್ಟಿ) ಪ್ರಕಾರ ಸ್ಮಾಲ್ ಬ್ಲೈಂಡ್‌ನವನು ಅರ್ಧಕ್ಕಿಂತ ಜಾಸ್ತಿ ಎಲೆ ತಳ್ಳಬಹುದು. ಎದುರಿನವನು ಕಾಲ್ ಮಾಡಬೇಕಾದ್ದು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಚಾರ್ಟ್‌ಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ತಳ್ಳುವ ಚಾರ್ಟ್ ಯಾವುದು, ಕಾಲ್ ಚಾರ್ಟ್ ಯಾವುದು ನೋಡಿಕೊಳ್ಳಿ. ಒಂದನ್ನೇ ಗೋಡೆಗೆ ಅಂಟಿಸಿಕೊಂಡವರನ್ನೂ ನೋಡಿದ್ದೇನೆ.

ಎಂಟು ಬ್ಲೈಂಡ್‌ನಲ್ಲಿ ಎರಡು ಬ್ಲೈಂಡ್‌ಗೆ ಪಂತ ಏರಿಸಿ, ಎದುರಿನವನು ಆಲ್-ಇನ್ ಅಂದ ಕೂಡಲೇ ಫೋಲ್ಡ್ ಮಾಡುವವರ ಬಗ್ಗೆ ನಾನು ಬರೆಯುವುದಿಲ್ಲ. ಬಿಪಿ ಇದೆ.

ಇದೆಲ್ಲ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಬಿಟ್ಟಿ ಚಿಪ್ಸ್ ಆಟದಲ್ಲಿ ಸುಮ್ನೆ ಮಜಾಕ್ಕೆ ಕಾಲ್ ಮಾಡುವವರು ಜಾಸ್ತಿ. ಮೂರು ಗಂಟೆ ಕೂತ ಮೇಲೆ ಅವರೂ ಸ್ವಲ್ಪ ಬಿಗಿಯಾಗುತ್ತಾರೆ, ನಿಜ. ಆದರೂ ನಿಮ್ಮ ಎಡಕ್ಕೆ ಅಂಥವನೊಬ್ಬ ದೊಡ್ಡ ರಾಶಿ ಇಟ್ಟುಕೊಂಡು ಕೂತಿದ್ದರೆ 60 ಅನ್ನುವ ನನ್ನ ಅಂದಾಜು 40ಕ್ಕೆ ಇಳಿಯುತ್ತದೆ. ಆಗ ತೀರಾ ಕಚಡಾ ಎಲೆ ತಳ್ಳಬೇಡಿ.

ಇನ್ನೊಂದು, ಮುಂದಿನ ಆಟಕ್ಕೆ ಟಿಕೆಟ್ ಕೊಡುವ ಸ್ಯಾಟಲೈಟ್‌ಗಳು. ಹತ್ತು ಟಿಕೆಟ್, ಹನ್ನೊಂದು ಜನ ಉಳಿದಿದ್ದಾರೆ, ಒಬ್ಬನ ಹತ್ತಿರ ಅರ್ಧ ಬ್ಲೈಂಡ್ ಇದೆ. ಅಲ್ಲಿ ಮೊದಲ ಸ್ಥಾನಕ್ಕೂ ಹತ್ತನೇ ಸ್ಥಾನಕ್ಕೂ ಒಂದೇ ಬಹುಮಾನ. ಜೋಡಿ ಎಕ್ಕ ಬಂದರೂ ಬಿಟ್ಟು ಕೂರುವುದೇ ಸರಿ ಆಗಬಹುದು. ಇದನ್ನು ಬರೆಯಲು ನನಗೆ ಹೆದರಿಕೆ. ಮೇಲಿನದ್ದೆಲ್ಲ ಮರೆತು ಇದೊಂದನ್ನೇ ನೆನಪಿಟ್ಟುಕೊಳ್ಳುವವರು ಇದ್ದಾರೆ.

ಮೊನ್ನೆ ಗದಗಿನಿಂದ ಮತ್ತೆ ಸ್ಕ್ರೀನ್‌ಶಾಟ್. ಬಟನ್, ಏಳು ಬ್ಲೈಂಡ್, ಎಲ್ಲರೂ ಫೋಲ್ಡ್. ಕೈಯಲ್ಲಿ ಮತ್ತೆ ರಾಜ-10! ಈ ಸಲ ತಳ್ಳಿದ್ದ. ಬಿಗ್ ಬ್ಲೈಂಡ್‌ನವನ ಹತ್ತಿರ ಎಕ್ಕ-ರಾಣಿ ಇತ್ತು. ಹದಿನಾಲ್ಕನೇ ಸ್ಥಾನಕ್ಕೆ ಔಟ್.

"ತಪ್ಪಾತೇನ್ರಿ ಸರ?"

"ಇಲ್ಲೋ ತಮ್ಮಾ, ಸರಿ ಹಾಕೀದಿ. ಮಲ್ಕೊ ಹೋಗು."

ನೀಲಿ ಟಿಕ್ ಬಿತ್ತು. ಉತ್ತರ ಬರಲಿಲ್ಲ.