ಬೆಂಗಳೂರಿನ ಪಿಜಿ, ದಾವಣಗೆರೆಯ ಅಪ್ಪ

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಆಫೀಸಿಗೆ ಎರಡು ಥರದ ಅಪ್ಪಂದಿರು ಬರುತ್ತಾರೆ. ಮಗನಿಗೋ ಮಗಳಿಗೋ ಬೆಂಗಳೂರಲ್ಲಿ ಪಿಜಿ ನೋಡಬೇಕಾದವರು ಕೆಲವರು. ಹೋದ ವರ್ಷ ನೋಡಿ, ಸೇರಿಸಿ, ಬಿಡಿಸಿ, ಈಗ ಅಡ್ವಾನ್ಸ್ ವಾಪಸ್ ಸಿಗದೆ ಕೂತವರು ಉಳಿದವರು. ಮೊದಲನೆಯವರು ತೀರಾ ಕಮ್ಮಿ. ದುಡ್ಡು ಕೊಡುವ ಮುಂಚೆ ವಕೀಲರ ಹತ್ತಿರ ಯಾರು ಬರ್ತಾರೆ, ಅಲ್ವಾ?

ಊಟ ಹೇಗಿದೆ, ಗೇಟು ಎಷ್ಟು ಗಂಟೆಗೆ ಹಾಕ್ತಾರೆ, ಕಾಲೇಜು ಎಷ್ಟು ದೂರ ಅಂತ ಎಲ್ಲರೂ ವಿಚಾರಿಸುತ್ತಾರೆ. ಕೇಳಬೇಕಾದ್ದೇ. ಆದರೆ ಮುಂದೆ ಜಗಳ ಬಂದರೆ ಲೆಕ್ಕಕ್ಕೆ ಬರುವ ಮಾತು ಬೇರೆ ಇದೆ. ನೀವು ಹಿಡಿಯುತ್ತಿರುವುದು ಪಿಜಿಯೋ, ಬಾಡಿಗೆ ಮನೆಯೋ?

ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ಬಾಡಿಗೆ ಮನೆ ಅಂದರೆ ಮನೆಯೇ ನಿಮ್ಮ ಸ್ವಾಧೀನಕ್ಕೆ ಬರುತ್ತದೆ. ಬೀಗದ ಕೈ ನಿಮ್ಮದು. ಪಿಜಿಯಲ್ಲಿ ಹಾಗಲ್ಲ. ಕೋಣೆ ಮಾಲೀಕರ ಹಿಡಿತದಲ್ಲೇ ಇರುತ್ತದೆ, ನಿಮ್ಮ ಮಗನಿಗೆ ಅಲ್ಲಿ ಇರಲು ಒಪ್ಪಿಗೆ ಮಾತ್ರ. ಮೊದಲನೆಯದಕ್ಕೆ ಸ್ವತ್ತು ವರ್ಗಾವಣೆ ಕಾಯ್ದೆ, ಎರಡನೆಯದಕ್ಕೆ ಈಸ್‌ಮೆಂಟ್ ಕಾಯ್ದೆ, ಅಂದರೆ ಇನ್ನೊಬ್ಬರ ಜಾಗ ಬಳಸುವ ಹಕ್ಕು, ಒಪ್ಪಿಗೆಗಳ ಕಾಯ್ದೆ. ಎರಡೂ 1882ರವು. ಪಿಜಿ ಅನ್ನುವ ಮಾತೇ ಹುಟ್ಟಿರದ ಕಾಲದ ಕಾಯ್ದೆಗಳು ಇವತ್ತಿಗೂ ಇದನ್ನು ತೀರ್ಮಾನ ಮಾಡುತ್ತಿವೆ.

ಬಾಡಿಗೆ ಮನೆಯಲ್ಲಿ ರಕ್ಷಣೆ ಜಾಸ್ತಿ. ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯವರನ್ನು ಬಿಡಿಸಲು ಕನಿಷ್ಠ 15 ದಿನದ ನೋಟಿಸ್ ಬೇಕು. ಪಿಜಿಯಲ್ಲಿ ಸೇರುವಾಗ ಒಪ್ಪಿದ ನಿಯಮವೇ ಹೆಚ್ಚು ಕಡಿಮೆ ಎಲ್ಲಾ. ಆದರೆ ದುಡ್ಡು ಸಿಕ್ಕಿಹಾಕಿಕೊಂಡಾಗ ಆಟ ಉಲ್ಟಾ. ಮನೆ ಅಡ್ವಾನ್ಸಿನ ಜಗಳ ಸಾಮಾನ್ಯವಾಗಿ ಸಿವಿಲ್ ಕೋರ್ಟಿನದು, ಅದಕ್ಕೆ ಬೆಂಗಳೂರಿಗೇ ಅಲೆಯಬೇಕು. ಪಿಜಿ ಹಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಊಟ, ವಸತಿಯನ್ನು ಸೇವೆ ಅಂತಲೇ ಹೆಸರಿಸುತ್ತದೆ. ಅದೇ ಕಾಯ್ದೆ, ದೂರು ಕೊಡುವವರು ಎಲ್ಲಿ ವಾಸ ಇದ್ದಾರೋ ಆ ಜಿಲ್ಲೆಯಲ್ಲೇ ದೂರು ಹಾಕಬಹುದು ಅನ್ನುತ್ತದೆ. ಅಂದರೆ ಬೆಂಗಳೂರಿನ ಪಿಜಿ ಮೇಲೆ ನೀವು ದಾವಣಗೆರೆಯ ಗ್ರಾಹಕರ ಆಯೋಗದಲ್ಲಿ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ (ಇದನ್ನು ನಾನೇ ಬರೆಯುತ್ತಿದ್ದೇನೆ ನೋಡಿ). ಎರಡು ವರ್ಷದ ಒಳಗೆ ಹಾಕಬೇಕು, ಅಷ್ಟೇ.

ಹಾಕಲು ಕೈಯಲ್ಲಿ ಏನಾದರೂ ಇರಬೇಕಲ್ಲ? ಎಪಿಎಂಸಿಯಲ್ಲಿ ತೂಕದ ಚೀಟಿ ಇಲ್ಲದೆ ಒಂದು ಚೀಲ ಮೆಕ್ಕೆಜೋಳ ಬಿಡದ ನಮ್ಮ ಜನ, ಬೆಂಗಳೂರಲ್ಲಿ ರಸೀದಿ ಕೇಳಲು ಸಂಕೋಚಪಡುತ್ತಾರೆ. ಒಬ್ಬರು ತಂದು ತೋರಿಸಿದ ಚೀಟಿ ಅಂಗೈಯ ಅರ್ಧದಷ್ಟಿತ್ತು. ಮೇಲೆ ಪಿಜಿ ಹೆಸರು, ನಡುವೆ ಪೆನ್ನಲ್ಲಿ ಬರೆದ ಮೊತ್ತ. ಕೆಳಗೆ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ‘ಒಂದು ತಿಂಗಳು ಮುಂಚೆ ತಿಳಿಸದಿದ್ದರೆ ಅಡ್ವಾನ್ಸ್ ವಾಪಸ್ ಇಲ್ಲ’ ಅಂತ. ದುಡ್ಡು ಹೋಗಿದ್ದು ಮ್ಯಾನೇಜರ್ ಹುಡುಗನ ಫೋನ್‌ಪೇಗೆ. ಆ ಹುಡುಗ ಈಗ ಅಲ್ಲಿಲ್ಲ.

ಹಾಗಾಗಿ ಹಣವನ್ನು ಮಾಲೀಕರ ಅಥವಾ ಪಿಜಿಯ ಖಾತೆಗೇ ಹಾಕಿ. ಆಮೇಲೆ ವಾಟ್ಸಾಪಿನಲ್ಲಿ ಮಾಲೀಕರಿಗೆ ಎರಡು ಸಾಲು ಬರೆಯಿರಿ: ಇಂಥ ದಿನ ಇಷ್ಟು ಅಡ್ವಾನ್ಸ್ ಕೊಟ್ಟಿದ್ದೇನೆ, ಬಿಡುವಾಗ ಇಷ್ಟು ಹಿಡಿದುಕೊಂಡು ಉಳಿದದ್ದು ಕೊಡುತ್ತೀರಿ ಅಂತ ಮಾತಾಗಿದೆ. ಅವರು ‘ಸರಿ’ ಅಂದರೆ ಸಾಕು. ಮಗ ಇನ್ನೂ ಹದಿನೇಳರವನಾದರೆ ಅವನ ಸಹಿಗೆ ಬೆಲೆ ಇಲ್ಲ, ಹದಿನೆಂಟು ತುಂಬದವರು ಮಾಡಿದ ಕರಾರು ನಿಲ್ಲುವುದಿಲ್ಲ. ನೀವೇ ಸಹಿ ಮಾಡಿ.

ಕೋಣೆ ನೋಡುವಾಗ ಗೋಡೆಯ ಬಣ್ಣ ನೋಡಬೇಡಿ, ಹೆಜ್ಜೆ ಹಾಕಿ ಅಳೆಯಿರಿ. 2024ರಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಪಿಜಿಗಳಿಗೆ ಹೊರಡಿಸಿದ ನಿಯಮದ ಪ್ರಕಾರ ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕು. ಹನ್ನೆರಡಕ್ಕೆ ಹನ್ನೆರಡು ಅಡಿಯ ಕೋಣೆ ಅಂದರೆ 144 ಚದರ ಅಡಿ, ಇಬ್ಬರಿಗೆ ಸರಿ. ಅಲ್ಲಿ ನಾಲ್ಕು ಮಂಚ ಕಂಡರೆ ಏನು ಅರ್ಥ ಅಂತ ಹೇಳಬೇಕಿಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೂ ಸುಮ್ನೆ ಕೊಡಬೇಡಿ. 2024ರ ಜುಲೈನಿಂದ, ತಿಂಗಳಿಗೆ ತಲೆಗೆ 20,000 ರೂಪಾಯಿ ಒಳಗಿನ ವಸತಿ ಶುಲ್ಕಕ್ಕೆ, ಸತತ 90 ದಿನ ಉಳಿಯುವವರಾದರೆ, ಜಿಎಸ್‌ಟಿ ಇಲ್ಲ.

ಮೂರ್ನಾಲ್ಕು ಹುಡುಗರು ಸೇರಿ ಮನೆ ಮಾಡುವುದಾದರೆ 11 ತಿಂಗಳ ಕರಾರಿನಲ್ಲಿ ಎಲ್ಲರ ಹೆಸರೂ ಇರಲಿ. ಒಬ್ಬನ ಹೆಸರಲ್ಲಿ ಮಾಡಿ, ಅವನು ನಡುವೆ ಬಿಟ್ಟು ಹೋದರೆ ಉಳಿದವರ ಅಡ್ವಾನ್ಸ್ ಕಥೆ ಮುಗಿಯಿತು. ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಅಲ್ಲಿ ರೂಢಿ, ಅದಕ್ಕೆ ತಯಾರಾಗಿರಿ. ಅಡ್ವಾನ್ಸ್ ಎರಡೇ ತಿಂಗಳದ್ದು ಅಂತ ಕಾನೂನಿದೆಯಂತೆ ಅಂತ ಕೆಲವರು ಮೊಬೈಲ್ ತೋರಿಸುತ್ತಾರೆ. ಅದು ಕೇಂದ್ರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾಯ್ದೆಯ ಮಾತು. ಮಾದರಿ ಅಂದ ಮೇಲೆ ತಾನಾಗಿಯೇ ಜಾರಿಗೆ ಬರುವುದಿಲ್ಲ.

ಇನ್ನೊಂದು ಆಸೆ ಇದೆ, ಅದರಲ್ಲಿ ಜಾಸ್ತಿ ಜನ ಬೀಳುತ್ತಾರೆ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್. ಬೇಡ. ಊರು ಬಿಟ್ಟು ಹೋದ ಮಕ್ಕಳು ಮೊದಲ ಎರಡು ತಿಂಗಳಲ್ಲೇ ಜಾಗ ಬದಲಿಸುವುದು ಜಾಸ್ತಿ. ಜೊತೆಯವನು ಹೊಂದುವುದಿಲ್ಲ, ಬಸ್ಸಿನಲ್ಲೇ ಎರಡು ತಾಸು ಹೋಗುತ್ತದೆ, ಅಲ್ಲಿನ ಸಾಂಬಾರು ಸೇರುವುದಿಲ್ಲ. ಸಾಂಬಾರಿನದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಯಿಂದ ಒಂದಷ್ಟು ದಿನ ಸರಿ ಹೋದೀತು. ಉಳಿದದ್ದಕ್ಕೆ ಜಾಗ ಬದಲಿಸುವುದೇ ದಾರಿ. ಮೊದಲೇ ಕಟ್ಟಿದ ದುಡ್ಡಿನ ಮುಖ ನೋಡಿಕೊಂಡು ಮಗಳು ಅಲ್ಲೇ ಒದ್ದಾಡುವಂತಾಗಬಾರದು. ತಿಂಗಳಿಗೊಮ್ಮೆ ಕಟ್ಟಿ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಕೊನೆಗೆ, ನೋಟಿಸ್ ಬರೆಯಲು ಕೂತಾಗ ನನಗೆ ಎದುರಾಗುವ ತೊಡಕು. ಮಾಲೀಕರ ಹೆಸರೇನು ಅಂತ ಕೇಳಿದರೆ ಹುಡುಗ ‘ಅಂಕಲ್’ ಅನ್ನುತ್ತಾನೆ. ಅಪ್ಪನಿಗೆ ಬೋರ್ಡಿನ ಹೆಸರು ಮಾತ್ರ ಗೊತ್ತು. ಆ ಹೆಸರಿಗೆ ಅಂಚೆಯಲ್ಲಿ ನೋಟಿಸ್ ಕಳಿಸಿದರೆ ಹೋದ ಹಾಗೇ ವಾಪಸ್ ಬರುವುದೇ ಜಾಸ್ತಿ. ಪಿಜಿ ನಡೆಸಲು ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು, ಅದರಲ್ಲಿ ಹೆಸರು, ವಿಳಾಸ ಎರಡೂ ಇರುತ್ತವೆ. ಸೇರಿಸುವ ದಿನವೇ ಅದನ್ನು ಕೇಳಿ ಒಂದು ಫೋಟೋ ತೆಗೆದುಕೊಳ್ಳಿ. ತೋರಿಸಲ್ಲ ಅಂದರೆ ಪಕ್ಕದ ಬೀದಿಯ ಪಿಜಿ ನೋಡಿ.