ಗಿನ್ನೆಸ್‌ಗೆ ಹಚ್ಚಿದ ಬಣ್ಣ: ಫೇಗಿನ್‌ನ ಮೂಗಿನಿಂದ ಗೋಡ್‌ಬೋಲೆಯ ಪೇಟದವರೆಗೆ

ರಾಮನಗರದ ಬಂಡೆಗಳು ಎಂದರೆ ಎಲ್ಲರಿಗೂ ‘ಶೋಲೆ’ ನೆನಪಾಗುತ್ತದೆ. ಅದು ತೆರೆಕಂಡು ಹತ್ತು ವರ್ಷ ತುಂಬುವುದರೊಳಗೆ ಅದೇ ಸುತ್ತಿನ ಬೆಟ್ಟಗಳಿಗೆ ಇನ್ನೊಂದು ದೊಡ್ಡ ತಂಡ ಬಂದಿಳಿದಿತ್ತು. ಇ.ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಡೇವಿಡ್ ಲೀನ್ ತೆರೆಗೆ ತರುತ್ತಿದ್ದರು. ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯಾ ಸಮೀಪದ ಬರಾಬರ್. ಆ ಜಾಗ ಲೀನ್ ಕಣ್ಣಿಗೆ ಸಪ್ಪೆ ಎನಿಸಿತು. ಹಾಗಾಗಿ ಸಾವನದುರ್ಗ ಮತ್ತು ರಾಮದೇವರ ಬೆಟ್ಟಗಳೇ ಬಿಹಾರದ ವೇಷ ಹಾಕಿದವು. ಗುಹೆಯ ಬಾಯಿಗಳನ್ನು ಬಂಡೆಯಲ್ಲಿ ಹೊಸದಾಗಿ ಕೊರೆಸಲಾಯಿತು. ಕಾದಂಬರಿಯ ಊರಾದ ಚಂದ್ರಾಪುರದ ಪೇಟೆಬೀದಿಯ ಸೆಟ್ ಎದ್ದು ನಿಂತದ್ದು ಬೆಂಗಳೂರು ಅರಮನೆಯ ಮೈದಾನದಲ್ಲಿ.

ಬೆಟ್ಟ ವೇಷ ಹಾಕಿದ್ದಕ್ಕೆ ಯಾರೂ ತಕರಾರು ಎತ್ತಲಿಲ್ಲ. ತಕರಾರು ಎದ್ದದ್ದು ಒಬ್ಬ ನಟನ ವೇಷಕ್ಕೆ. ಪ್ರೊಫೆಸರ್ ನಾರಾಯಣ ಗೋಡ್‌ಬೋಲೆ ಎಂಬ ಮರಾಠಿ ಬ್ರಾಹ್ಮಣನಾಗಿ ಪೇಟ ಸುತ್ತಿ, ಮೈಗೆ ಕಂದು ಬಣ್ಣ ಹಚ್ಚಿ ನಿಂತವರು ಲಂಡನ್ನಿನ ಸರ್ ಅಲೆಕ್ ಗಿನ್ನೆಸ್. ಆಗ ಅವರಿಗೆ ಹತ್ತಿರ ಹತ್ತಿರ ಎಪ್ಪತ್ತು ವರ್ಷ.

ನಲವತ್ತು ವರ್ಷ ಕಳೆದರೂ ಈ ಚರ್ಚೆ ತಣ್ಣಗಾಗಿಲ್ಲ. ‘ಆ ಕಾಲವೇ ಹಾಗಿತ್ತು’ ಎನ್ನುವವರಿದ್ದಾರೆ. ನಟನಾದವನು ಯಾರ ಪಾತ್ರವನ್ನಾದರೂ ಮಾಡಬಹುದು ಎನ್ನುವವರಿದ್ದಾರೆ. ಹಳೆಯ ಚಿತ್ರಗಳ ಮುಂದೆ ಎಚ್ಚರಿಕೆಯ ಫಲಕ ಬೇಕು ಎನ್ನುವವರೂ ಇದ್ದಾರೆ. ಈ ಜಗಳದಲ್ಲಿ ಗಿನ್ನೆಸ್ ಮಾಡಿದ ಯಹೂದಿ ಫೇಗಿನ್, ಅರಬ್ ಫೈಸಲ್, ಭಾರತೀಯ ಗೋಡ್‌ಬೋಲೆ ಮೂವರನ್ನೂ ಒಂದೇ ಗಂಟಿಗೆ ಕಟ್ಟುವುದು ರೂಢಿಯಾಗಿದೆ. ಗಂಟು ಬಿಚ್ಚಿದರೆ ಮೂರೂ ಬೇರೆ ಬೇರೆ ಸರಕು.

ಕನ್ನಡದಲ್ಲಿ ‘ಬಣ್ಣ ಹಚ್ಚಿದರು’ ಎಂದರೆ ನಟಿಸಿದರು ಎಂದೇ ಅರ್ಥ. ಯಕ್ಷಗಾನದ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡುವಾಗ ಅದು ಯಾವ ಜನಾಂಗದ ಚರ್ಮ ಎಂದು ಯಾರೂ ಕೇಳುವುದಿಲ್ಲ. ಅದು ರಾಕ್ಷಸನ ಮುಖ, ಅಷ್ಟೇ. ಇಂಗ್ಲಿಷ್ ರಂಗಭೂಮಿಯ ಬಣ್ಣದ ಪೆಟ್ಟಿಗೆಯ ಲೆಕ್ಕ ಬೇರೆ. ಅಲ್ಲಿ ಬಣ್ಣ ‘ನಾನು ನಿಜವಾಗಿಯೂ ಅವನೇ’ ಎಂದು ನಂಬಿಸಲು ಹೊರಟಿತ್ತು. ತೊಡಕು ಶುರುವಾಗುವುದು ಅಲ್ಲಿ.

ಗಿನ್ನೆಸ್ ಹುಟ್ಟಿದ್ದು 1914ರ ಏಪ್ರಿಲ್ 2ರಂದು. ಜನನಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಆ ಖಾಲಿ ಜಾಗವನ್ನು ತುಂಬಲೆಂದೇ ಅವರು ಜೀವನವಿಡೀ ಮುಖ ಬದಲಿಸಿದರು ಎಂಬ ವ್ಯಾಖ್ಯಾನವೊಂದು ಚಾಲ್ತಿಯಲ್ಲಿದೆ. ಕೇಳಲು ಸೊಗಸಾಗಿದೆ, ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಜಾಹೀರಾತು ಕಂಪನಿಯಲ್ಲಿ ಬರವಣಿಗೆಯ ಕೆಲಸ, 1934ರಲ್ಲಿ ಜಾನ್ ಗಿಲ್‌ಗುಡ್ ಅವರ ‘ಹ್ಯಾಮ್ಲೆಟ್’ನಲ್ಲಿ ಆಸ್ರಿಕ್ ಎಂಬ ಸಣ್ಣ ಪಾತ್ರ, 1938ರಲ್ಲಿ ಓಲ್ಡ್ ವಿಕ್‌ನಲ್ಲಿ ಇಂದಿನ ಉಡುಪಿನ ಹ್ಯಾಮ್ಲೆಟ್ ಆಗಿ ತಾನೇ, ಯುದ್ಧದಲ್ಲಿ ನೌಕಾಪಡೆ, 1943ರಲ್ಲಿ ಸಿಸಿಲಿಗೆ ಸೈನಿಕರನ್ನು ಇಳಿಸಿದ ದೋಣಿಯ ಹೊಣೆ. ವಾಪಸ್ ಬಂದವರು 1946ರಲ್ಲಿ ಲೀನ್ ಅವರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಹರ್ಬರ್ಟ್ ಪಾಕೆಟ್ ಆದರು. ಯುದ್ಧಕ್ಕೆ ಮೊದಲು ಆ ಕಾದಂಬರಿಯನ್ನು ರಂಗಕ್ಕೆ ಅಳವಡಿಸಿದವರೂ ಅದರಲ್ಲಿ ಇದೇ ಪಾತ್ರ ಮಾಡಿದವರೂ ಗಿನ್ನೆಸ್ಸೇ. ಲೀನ್ ಅದನ್ನು ನೋಡಿದ್ದರು.

ಮುಂದಿನ ಚಿತ್ರ ಚಾರ್ಲ್ಸ್ ಡಿಕನ್ಸ್ ಕಾದಂಬರಿಯ ‘ಆಲಿವರ್ ಟ್ವಿಸ್ಟ್’. ಹುಡುಗರನ್ನು ಕಳ್ಳತನಕ್ಕೆ ಬಿಡುವ ಯಹೂದಿ ಮುದುಕ ಫೇಗಿನ್‌ನ ಪಾತ್ರ ತನಗೆ ಕೊಡಿ ಎಂದು ಗಿನ್ನೆಸ್ ಕೇಳಿದಾಗ ಲೀನ್ ಒಪ್ಪಲಿಲ್ಲ. ಮೂವತ್ತರ ಆಸುಪಾಸಿನ ನಯವಾದ ಮುಖದ ಹುಡುಗ ಎಲ್ಲಿ, ಲಂಡನ್ನಿನ ಕೊಳಕು ಮಾಳಿಗೆಯ ಮುದುಕ ಎಲ್ಲಿ. ಒಂದು ಸ್ಕ್ರೀನ್ ಟೆಸ್ಟ್ ಸಾಕು ಎಂದು ಗಿನ್ನೆಸ್ ಪಟ್ಟು ಹಿಡಿದರು. ಪೂರ್ತಿ ಮೇಕಪ್‌ನಲ್ಲಿ ಬಂದು ನಿಂತಾಗ ಪಾತ್ರ ಸಿಕ್ಕಿತು. ಮೇಕಪ್ ಮಾಡಿದವರು ಸ್ಟುವರ್ಟ್ ಫ್ರೀಬಾರ್ನ್, ಮುಂದಿಟ್ಟುಕೊಂಡದ್ದು ಕಾದಂಬರಿಗೆ ಜಾರ್ಜ್ ಕ್ರುಯಿಕ್‌ಶಾಂಕ್ ಬರೆದಿದ್ದ ಚಿತ್ರಗಳು. ಬಾಗಿದ ದೊಡ್ಡ ಮೂಗು, ಜೋತ ಕಣ್ಣುರೆಪ್ಪೆ, ಜಡೆಗಟ್ಟಿದ ಗಡ್ಡ.

ನಟನ ಮೂಗನ್ನು ಬೆಳೆಸಲು ಆಗ ಎರಡು ದಾರಿಗಳಿದ್ದವು. ರಂಗಭೂಮಿಯ ಹಳೆಯ ದಾರಿ ನೋಸ್ ಪುಟ್ಟಿಯದು. ಮೂಗಿನ ಮೇಲಿನ ಜಿಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಸ್ಪಿರಿಟ್ ಗಮ್ ಎಂಬ ಅಂಟನ್ನು ತೆಳ್ಳಗೆ ಹಚ್ಚಿ, ಅದು ಅಂಟಂಟಾಗುವವರೆಗೆ ಕಾಯಬೇಕು. ಪುಟ್ಟಿಯನ್ನು ಕೈಬಿಸಿಯಲ್ಲಿ ನಾದಿ, ಒತ್ತಿ, ಅಂಚನ್ನು ಬೆರಳಿನಿಂದ ಚರ್ಮದೊಳಕ್ಕೆ ಎಳೆದು ಸವರಬೇಕು. ಮೂಳೆಯ ಭಾಗದ ಮೇಲಷ್ಟೇ ಇದು ನಿಲ್ಲುತ್ತದೆ. ಮೂಗಿನ ಹೊಳ್ಳೆ, ಕೆನ್ನೆಯ ಮಡಿಕೆಗಳ ಮೇಲೆ ಹಚ್ಚಿದರೆ ಎರಡನೇ ಮಾತಿಗೇ ಬಿರುಕು. ದೀಪದ ಬಿಸಿಗೆ ಪುಟ್ಟಿ ಮೆತ್ತಗಾಗುತ್ತದೆ, ಬೆವರು ಗಮ್ಮನ್ನು ಬಿಡಿಸುತ್ತದೆ. ನಾಟಕದ ಮೂರನೇ ಸಾಲಿನಿಂದಾಚೆ ಕಾಣದ ಅಂಚು ಕ್ಲೋಸಪ್‌ನಲ್ಲಿ ಹೊಲಿಗೆಯಂತೆ ಎದ್ದು ಕಾಣುತ್ತದೆ. ಇನ್ನೊಂದು ದಾರಿ ಫೋಮ್ ಲೇಟೆಕ್ಸ್, ಅಂದರೆ ನೊರೆ ರಬ್ಬರ್. ನಟನ ಮುಖದ ಅಚ್ಚು ತೆಗೆದು, ಅದರ ಮೇಲೆ ಜೇಡಿಮಣ್ಣಿನಲ್ಲಿ ಹೊಸ ಮೂಗು ತಿದ್ದಿ, ಅದಕ್ಕೆ ಎರಡನೇ ಅಚ್ಚು ಮಾಡಿ, ನಡುವಿನ ಜಾಗಕ್ಕೆ ನೊರೆಯೆಬ್ಬಿಸಿದ ಲೇಟೆಕ್ಸ್ ತುಂಬಿ ಒಲೆಯಲ್ಲಿ ಬೇಯಿಸುವುದು. ಹಗುರ, ಮುಖದ ಜತೆ ಆಡುತ್ತದೆ. ಆದರೆ ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರಬೇಕು. ಕಿತ್ತರೆ ಹರಿಯುತ್ತದೆ, ಆದ್ದರಿಂದ ದಿನಕ್ಕೊಂದು ಹೊಸ ಮೂಗು.

ಕೆಲಸವಾಗಿ ನೋಡಿದರೆ ಫೇಗಿನ್‌ನ ಮುಖ ಅಚ್ಚರಿ ಹುಟ್ಟಿಸುತ್ತದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಚರ್ಮದ ಬಣ್ಣಕ್ಕಿಂತ ನೆರಳಿನ ಆಕಾರ ಮುಖ್ಯ, ಈ ಮೂಗು ಬೀಳಿಸುವ ನೆರಳು ಗೋಡೆಗೂ ತಾಗುತ್ತದೆ. ಆದರೆ ಚಿತ್ರ ಬಂದದ್ದು 1948ರಲ್ಲಿ. ನಾಜಿ ಶಿಬಿರಗಳ ಬಾಗಿಲು ತೆರೆದು ಮೂರೇ ವರ್ಷ. ಯಹೂದಿಗಳ ಮೇಲೆ ದ್ವೇಷ ಹರಡಿದ ವ್ಯಂಗ್ಯಚಿತ್ರಗಳಲ್ಲಿ ಜಗತ್ತು ನೋಡಿದ್ದು ಇಂಥದೇ ಮೂಗನ್ನು. 1949ರ ಫೆಬ್ರವರಿಯಲ್ಲಿ ಬರ್ಲಿನ್‌ನ ಚಿತ್ರಮಂದಿರದೆದುರು ಬದುಕುಳಿದ ಯಹೂದಿಗಳು ಪ್ರತಿಭಟಿಸಿದರು. ಕೈಕೈ ಮಿಲಾಯಿಸಿ ಪ್ರದರ್ಶನ ನಿಂತಿತು. ಅಮೆರಿಕದಲ್ಲಿ ಚಿತ್ರ ತೆರೆಕಂಡದ್ದು 1951ರಲ್ಲಿ, ಫೇಗಿನ್‌ನ ಹಲವು ಶಾಟ್‌ಗಳಿಗೆ ಕತ್ತರಿ ಬಿದ್ದ ಮೇಲೆ.

ಚಿತ್ರ ಕಾದಂಬರಿಗೆ ನಿಷ್ಠವಾಗಿತ್ತು ಎಂಬ ಸಮರ್ಥನೆ ಆಗಲೂ ಬಂತು, ಈಗಲೂ ಬರುತ್ತದೆ. ಡಿಕನ್ಸ್ ಸ್ವತಃ ಒಬ್ಬ ಯಹೂದಿ ಮಹಿಳೆಯ ಪತ್ರದ ನಂತರ, 1867ರ ಆವೃತ್ತಿಯಲ್ಲಿ ‘ಯಹೂದಿ’ ಎಂಬ ಪದವನ್ನು ಹಲವು ಕಡೆ ತೆಗೆದುಹಾಕಿದ್ದರು ಎಂಬುದು ಆ ಸಮರ್ಥನೆಯಲ್ಲಿ ಬರುವುದಿಲ್ಲ. ನಿಷ್ಠೆ ಯಾವ ಆವೃತ್ತಿಗೆ ಎಂದು ಕೇಳಬಹುದಿತ್ತು.

ಫೇಗಿನ್ ಬಂದ ಮರುವರ್ಷ, 1949ರಲ್ಲಿ, ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’. ಡಾಸ್ಕಾಯ್ನ್ ಎಂಬ ಶ್ರೀಮಂತ ಮನೆತನದ ಎಂಟು ಮಂದಿಯೂ ಗಿನ್ನೆಸ್ ಒಬ್ಬರೇ, ಅದರಲ್ಲಿ ಒಬ್ಬಳು ಹೆಂಗಸು. ಇಗರ್ಜಿಯ ಒಂದು ಶಾಟ್‌ನಲ್ಲಿ ಆರು ಮಂದಿ ಒಟ್ಟಿಗೆ ಕೂತಿದ್ದಾರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದನ್ನು ಮಾಡಿದ್ದು ಹೀಗೆ: ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಲೆನ್ಸಿನ ಮುಂದೆ ಒಬ್ಬನ ಜಾಗ ಬಿಟ್ಟು ಉಳಿದದ್ದನ್ನು ಕಪ್ಪಾಗಿ ಮುಚ್ಚಿ ಚಿತ್ರಿಸುವುದು. ಫಿಲ್ಮನ್ನು ಅದೇ ಫ್ರೇಮಿಗೆ ಹಿಂದಕ್ಕೆ ಸುತ್ತುವುದು. ಗಿನ್ನೆಸ್ ಹೋಗಿ ಮೇಕಪ್, ಬಟ್ಟೆ ಬದಲಿಸಿ ಪಕ್ಕದ ಜಾಗದಲ್ಲಿ ಕೂರುವುದು. ಮತ್ತೆ ಅದೇ ಫಿಲ್ಮು. ಹೀಗೆ ಆರು ಸಲ, ದಿನಗಟ್ಟಲೆ. ಕ್ಯಾಮೆರಾ ಕೂದಲೆಳೆಯಷ್ಟು ಸರಿದರೂ ಹಿಂದಿನದೆಲ್ಲ ನೀರುಪಾಲು. ಯಾರೂ ಮುಟ್ಟದಿರಲಿ ಎಂದು ಛಾಯಾಗ್ರಾಹಕ ಡಗ್ಲಸ್ ಸ್ಲೋಕೊಂಬ್ ರಾತ್ರಿ ಸ್ಟುಡಿಯೋದಲ್ಲೇ ಮಲಗಿದರು.

ಮುಖ ಬದಲಿಸುವುದೇ ತಪ್ಪಾಗಿದ್ದರೆ ಈ ಎಂಟರ ಮೇಲೂ ದೂರು ಬರಬೇಕಿತ್ತು. ಬರಲಿಲ್ಲ. ಇಲ್ಲಿ ಗೇಲಿಗೆ ಸಿಕ್ಕವರು ಕೋಟೆ, ಗದ್ದೆ, ಪದವಿ ಎಲ್ಲ ಇದ್ದವರು. ತಮ್ಮ ಪರವಾಗಿ ಮಾತಾಡಲು ಅವರಿಗೆ ಸಂಸತ್ತಿನಲ್ಲಿ ಇಡೀ ಒಂದು ಸದನವೇ ಇತ್ತು.

ಗಿನ್ನೆಸ್ ನಿಜಕ್ಕೂ ಪಾತ್ರವನ್ನು ಹಿಡಿಯುತ್ತಿದ್ದುದು ಮುಖದಿಂದಲ್ಲ, ನಡಿಗೆಯಿಂದ. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದಲ್ಲಿ ಕರ್ನಲ್ ನಿಕೋಲ್ಸನ್ ತಗಡಿನ ಗೂಡಿನಿಂದ ಹೊರಬಂದು ತತ್ತರಿಸುತ್ತ ನಡೆಯುವ ದೃಶ್ಯವಿದೆ. ಪೋಲಿಯೊದಿಂದ ಚೇತರಿಸಿಕೊಳ್ಳುತ್ತಿದ್ದ ತಮ್ಮ ಮಗನ ನಡಿಗೆಯನ್ನು ಅವರು ಅಲ್ಲಿಗೆ ತಂದಿದ್ದರು. ಮೂಗು ಇಲ್ಲ, ಗಡ್ಡ ಇಲ್ಲ. ಆಸ್ಕರ್ ಬಂದದ್ದು ಅದಕ್ಕೆ.

ಹೀಗಿದ್ದೂ 1961ರಲ್ಲಿ ‘ಎ ಮೆಜಾರಿಟಿ ಆಫ್ ಒನ್’ ಚಿತ್ರದ ಜಪಾನಿ ವ್ಯಾಪಾರಿ ಅಸಾನೊ, 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದ ಅರಬ್ ರಾಜಕುಮಾರ ಫೈಸಲ್. ಮೊದಲನೆಯದನ್ನು ಇಂದು ನೋಡುವುದು ಕಷ್ಟ. ಎರಡನೆಯದರಲ್ಲಿ ಉಚ್ಚಾರಣೆಯನ್ನು ಒಮರ್ ಷರೀಫ್ ಅವರ ಮಾತು ಕೇಳಿ ರೂಢಿಸಿಕೊಂಡರು. ಫೈಸಲ್‌ನನ್ನು ಕಂಡಿದ್ದ ಹಿರಿಯರು ಜೋರ್ಡಾನ್‌ನಲ್ಲಿ ಬೆಚ್ಚಿಬಿದ್ದರಂತೆ, ಅಷ್ಟು ಹೋಲಿಕೆ. ತಮಾಷೆಯೆಂದರೆ ಎರಡು ವರ್ಷ ಹಿಂದೆ ‘ರಾಸ್’ ನಾಟಕದಲ್ಲಿ ಗಿನ್ನೆಸ್ ಅದೇ ಲಾರೆನ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಆಗಿದ್ದವರು.

ಬಣ್ಣದ ಫಿಲ್ಮ್ ಬಂದ ಮೇಲೆ ಈ ಕಸುಬಿನ ಕಷ್ಟ ಹೆಚ್ಚಾಯಿತು. ಚರ್ಮಕ್ಕೆ ಬಿದ್ದ ಬೆಳಕಿನ ಒಂದು ಪಾಲು ಒಳಗಿಳಿದು ಹೊರಬರುತ್ತದೆ, ಮುಖದ ಜೀವಕಳೆ ಅದೇ. ಮೇಲೆ ಕಂದು ಬಳಿದರೆ ಬೆಳಕು ಬಣ್ಣದಲ್ಲೇ ನಿಂತು ಮುಖ ಮಣ್ಣಿನ ಗೊಂಬೆಯಾಗುತ್ತದೆ. ಗುಟ್ಟು ರಟ್ಟಾಗುವ ಜಾಗಗಳು ಗೊತ್ತಿರುವಂಥವೇ: ಕಿವಿಯ ಹಿಂಭಾಗ, ಕಣ್ಣುರೆಪ್ಪೆ, ಬೆರಳ ಸಂದು, ಕೂದಲಿನ ಅಂಚು. ಅಂಗೈಗೂ ಅದೇ ಬಣ್ಣ ಬಳಿದುಬಿಡುವುದು ಇನ್ನೊಂದು ತಪ್ಪು, ಕಪ್ಪು ಮೈಯವರ ಅಂಗೈ ತಿಳಿಯಾಗಿರುತ್ತದೆ. ಮೊದಲು ಬೆವರುವುದು ಮೇಲ್ದುಟಿ. ಒರೆಸಿದರೆ ಬಿಳಿ ಪಟ್ಟೆ, ಒರೆಸದಿದ್ದರೆ ಬಿಳಿಯಂಗಿಯ ಕೊರಳಿಗೆ ಕಲೆ. ಬಿಳಿಯ ನಟ ಲಾರೆನ್ಸ್ ಒಲಿವಿಯೆ 1964ರಲ್ಲಿ ಷೇಕ್ಸ್‌ಪಿಯರ್ ನಾಟಕದ ಕಪ್ಪು ನಾಯಕ ಒಥೆಲೊ ಆಗುವಾಗ ಮೈಗೆಲ್ಲ ಪದರ ಪದರವಾಗಿ ಬಣ್ಣ ಬಳಿದು, ಶಿಫಾನ್ ಬಟ್ಟೆಯಿಂದ ಉಜ್ಜಿ ಹೊಳಪು ತರುತ್ತಿದ್ದರು. ಆ ಹೊಳಪು ನೋಡಿದವರಿಗೆ ಷೇಕ್ಸ್‌ಪಿಯರ್ ಮಾತಿಗಿಂತ ಹೊಳಪೇ ನೆನಪಲ್ಲಿ ಉಳಿಯಿತು.

ಇದಕ್ಕೆಲ್ಲ ಉತ್ತರದಂತೆ 1979ರಲ್ಲಿ ಬಿಬಿಸಿ ಟಿವಿಯಲ್ಲಿ ಗಿನ್ನೆಸ್ ಮಾಡಿದ ಗೂಢಚಾರ ಜಾರ್ಜ್ ಸ್ಮೈಲಿ ಬಂದ. ದಪ್ಪ ಕನ್ನಡಕ, ಓವರ್‌ಕೋಟು, ಸುಮ್ಮನೆ ಕೇಳಿಸಿಕೊಳ್ಳುವ ಮುಖ. ಗಿನ್ನೆಸ್ ಇಷ್ಟು ಕಡಿಮೆ ಮಾಡಿದ್ದೂ ಇಲ್ಲ, ಇಷ್ಟು ತುಂಬಿದ್ದೂ ಇಲ್ಲ.

ಐದು ವರ್ಷದ ಮೇಲೆ ಗೋಡ್‌ಬೋಲೆ. ಈ ಹೊತ್ತಿಗೆ ‘ಯಾರೂ ಸಿಗಲಿಲ್ಲ’ ಎಂಬ ಮಾತಿಗೆ ಜಾಗವಿರಲಿಲ್ಲ. ಅದೇ ಸೆಟ್ಟಿನಲ್ಲಿ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ನಿಂತಿದ್ದರು. 1983ರಲ್ಲಿ ಗಾಂಧಿಯಾಗಿ ಆಸ್ಕರ್ ಗೆದ್ದ ಬೆನ್ ಕಿಂಗ್ಸ್‌ಲಿ ಹುಟ್ಟುಹೆಸರಿನಲ್ಲಿ ಕೃಷ್ಣ ಭಾಂಜಿ, ಗುಜರಾತಿ ಮೂಲದ ವೈದ್ಯರ ಮಗ. ಇಂಗ್ಲೆಂಡಿನಲ್ಲಿ ಪಾತ್ರ ಸಿಗಲೆಂದು ಅವರು ಹೆಸರಿಗೆ ಬಣ್ಣ ಹಚ್ಚಿಕೊಳ್ಳಬೇಕಾಗಿತ್ತು. ಕಾದಂಬರಿಯ ಗೋಡ್‌ಬೋಲೆಯ ಜೀವ ಇರುವುದು ಅವನ ಹಾಡಿನಲ್ಲಿ: ಬಾ ಎಂದು ಕೃಷ್ಣನನ್ನು ಕರೆಯುತ್ತಾನೆ, ಕೃಷ್ಣ ಬರುವುದಿಲ್ಲ. ಚಿತ್ರಕ್ಕಾಗಿ ಗಿನ್ನೆಸ್ ಕಲಿತು ಮಾಡಿದ ನೃತ್ಯ ಸಂಕಲನದ ಮೇಜಿನ ಮೇಲೆ ಹೋಯಿತು. ಉಳಿದದ್ದು ಪೇಟ, ಕನ್ನಡಕ, ಮುಗಿದ ಕೈ. ಲೀನ್ ಮತ್ತು ಗಿನ್ನೆಸ್ ನಡುವೆ ಆಮೇಲೆ ಮೊದಲಿನ ಸಲಿಗೆ ಉಳಿಯಲಿಲ್ಲ.

ಬದಲಾವಣೆ ನಿಧಾನವಾಗಿ ಬಂತು, ಜಗಳವಾಡಿಯೇ ಬಂತು. 1990ರಲ್ಲಿ ‘ಮಿಸ್ ಸೈಗಾನ್’ ಸಂಗೀತನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೊರಟಾಗ ಯುರೇಷ್ಯನ್ ಪಾತ್ರಕ್ಕೆ ಬಿಳಿಯ ನಟ ಜೊನಾಥನ್ ಪ್ರೈಸ್ ಬೇಡ ಎಂದು ಅಮೆರಿಕದ ನಟರ ಸಂಘ ತಡೆಯಿತು, ಕೆಲವೇ ದಿನಗಳಲ್ಲಿ ತಾನೇ ಹಿಂದೆ ಸರಿಯಿತು. ಲಂಡನ್ನಿನಲ್ಲಿ ಕಣ್ಣಿನ ಆಕಾರ ಬದಲಿಸಲು ಅಂಟಿಸಿದ್ದ ಕೃತಕ ರೆಪ್ಪೆ, ಹಚ್ಚಿದ್ದ ಕಂಚಿನ ಬಣ್ಣ ಮಾತ್ರ ನ್ಯೂಯಾರ್ಕಿಗೆ ಹೋಗಲಿಲ್ಲ. ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಮೊದಲ ಬಾರಿಗೆ ಕಪ್ಪು ನಟನೊಬ್ಬ, ಡೇವಿಡ್ ಹೇರ್‌ವುಡ್, ಒಥೆಲೊ ಆದದ್ದು 1997ರಲ್ಲಿ. ಅಮೆರಿಕದ ಕಪ್ಪು ನಟ ಪಾಲ್ ರೋಬ್ಸನ್ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಅದೇ ಪಾತ್ರ ಮಾಡಿ ಆಗಲೇ ಅರವತ್ತೇಳು ವರ್ಷವಾಗಿತ್ತು. ಆಗ ಡೆಸ್ಡಿಮೋನಾ ಆಗಿದ್ದ ಪೆಗ್ಗಿ ಆಷ್‌ಕ್ರಾಫ್ಟ್‌ಗೆ ಆಸ್ಕರ್ ಬಂದದ್ದು ಬೆಂಗಳೂರಿನಲ್ಲಿ ತೆಗೆದ ಇದೇ ಗೋಡ್‌ಬೋಲೆಯ ಚಿತ್ರಕ್ಕೆ.

ಗಿನ್ನೆಸ್ 2000ದ ಆಗಸ್ಟ್ 5ರಂದು ತೀರಿಕೊಂಡರು. ಫೇಗಿನ್‌ನ ಮೂಗು ಮಾಡಿದ್ದ ಫ್ರೀಬಾರ್ನ್ ಮುಂದೆ ‘ಸ್ಟಾರ್ ವಾರ್ಸ್’ಗೆ ಹೋದರು. 1980ರ ಎರಡನೇ ಚಿತ್ರಕ್ಕೆ ಅವರು ಯೋಡಾ ಎಂಬ ಮುದಿ ಗುರುವಿನ ಗೊಂಬೆಗೆ ಮುಖ ಕೊಡಬೇಕಾಯಿತು. ಈ ಸಲ ಯಾವ ಜನಾಂಗದ ಚಿತ್ರವನ್ನೂ ಮುಂದಿಟ್ಟುಕೊಳ್ಳಲಿಲ್ಲ, ಕನ್ನಡಿಯಲ್ಲಿ ಕಂಡ ತಮ್ಮದೇ ಮುಖದ ಸುಕ್ಕುಗಳನ್ನು ತೆಗೆದುಕೊಂಡರು. ಅದೇ ಚಿತ್ರದಲ್ಲಿ ಗಿನ್ನೆಸ್ ಕೂಡ ಇದ್ದಾರೆ, ಬಿಳಿ ಗಡ್ಡದಲ್ಲಿ, ತಮ್ಮದೇ ಮೂಗಿನಲ್ಲಿ.