ಸ್ವರ ಎಲ್ಲಿ ನಿಲ್ಲಬೇಕು: ಎಲೆಕ್ಟ್ರಿಕ್ ಗಿಟಾರಿನ ರಿದಮ್ ವಾದನ ಕುರಿತು ಅಧ್ಯಯನ ಟಿಪ್ಪಣಿ

ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡವರಲ್ಲಿ ಬಹುಪಾಲು ಜನರನ್ನು ಆ ವಾದ್ಯದ ಕಡೆಗೆ ಸೆಳೆದದ್ದು ಯಾವುದೋ ಒಂದು ಸೋಲೋ (ಗಿಟಾರ್ ಒಂಟಿಯಾಗಿ ಮುಂದೆ ಬಂದು ನುಡಿಯುವ ಭಾಗ) ಆಗಿರುತ್ತದೆ. ಹಾಗಿದ್ದರೂ ನಾಲ್ಕು ನಿಮಿಷದ ರಾಕ್ ಹಾಡಿನಲ್ಲಿ ಸೋಲೋಗೆ ಸಿಗುವ ಜಾಗ ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸು. ಉಳಿದ ಹೊತ್ತೆಲ್ಲ ವಾದಕರು ಕಾರ್ಡ್‌ಗಳನ್ನೋ (ಒಟ್ಟಿಗೇ ನುಡಿಸುವ ಸ್ವರಗಳ ಗುಚ್ಛ) ರಿಫ್‌ಗಳನ್ನೋ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಮಾಲೆ) ನುಡಿಸುತ್ತ, ಡ್ರಮ್ಸ್ ಮತ್ತು ಬಾಸ್ ಜೊತೆ ಸೇರಿ ಹಾಡನ್ನು ಹೊತ್ತು ನಡೆಸುತ್ತಿರುತ್ತಾರೆ. ಈ ಕೆಲಸವೇ ರಿದಮ್ ವಾದನ. ಕಲಿಯುವಾಗ ಇದನ್ನು ಕಾರ್ಡ್ ಹಿಡಿತಗಳ ಮತ್ತು ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಮೀಟುವ) ಮಾದರಿಗಳ ಪಟ್ಟಿಯಾಗಿ ನೋಡುವುದು ರೂಢಿ. ನನಗೆ ತೋರುವಂತೆ, ಎಲೆಕ್ಟ್ರಿಕ್ ಗಿಟಾರಿನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಪ್ರತಿಯೊಂದು ಸ್ವರ ಎಷ್ಟು ಹೊತ್ತು ಧ್ವನಿಸಬೇಕು, ಯಾವ ಕ್ಷಣದಲ್ಲಿ ನಿಲ್ಲಬೇಕು ಎಂಬ ನಿರ್ಧಾರದಲ್ಲಿ. ಆ ಒಂದು ಎಳೆಯನ್ನು ಹಿಡಿದೇ ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್ (ಆಂಪ್) ಬರುವ ಮುನ್ನ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. 1930ರ ದಶಕದ ಅಮೆರಿಕದ ಜಾಝ್ ಬಿಗ್ ಬ್ಯಾಂಡ್‌ಗಳಲ್ಲಿ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್‌ಗಳ ಸದ್ದಿನ ನಡುವೆ ಗಿಟಾರಿನ ಒಂಟಿ ಸ್ವರ ಕೇಳಿಸುತ್ತಲೇ ಇರಲಿಲ್ಲವಾದ್ದರಿಂದ, ಗಿಟಾರ್ ವಾದಕರು ಬಾರಿನ (ತಾಳದ ಒಂದು ಆವರ್ತದ) ನಾಲ್ಕೂ ಬೀಟ್‌ಗಳಲ್ಲಿ ಕಾರ್ಡ್ ಬಾರಿಸಿ ತಾಳವನ್ನು ಹಿಡಿದಿಡುತ್ತಿದ್ದರು. 1937ರಲ್ಲಿ ಕೌಂಟ್ ಬೇಸಿಯವರ ಬ್ಯಾಂಡ್ ಸೇರಿದ ಫ್ರೆಡ್ಡಿ ಗ್ರೀನ್ ಅವರು 1987ರಲ್ಲಿ ತೀರಿಕೊಳ್ಳುವವರೆಗೆ, ಹೆಚ್ಚುಕಡಿಮೆ ಐವತ್ತು ವರ್ಷ, ಆಂಪ್ ಇಲ್ಲದ ಆರ್ಚ್‌ಟಾಪ್ ಗಿಟಾರಿನಲ್ಲಿ ಇದೇ ಕೆಲಸವನ್ನು ಮಾಡಿದರು. ಅವರ ವಾದನದಲ್ಲಿ ಕಾರ್ಡ್ ಹುಟ್ಟಿದ ಸ್ವಲ್ಪ ಹೊತ್ತಿಗೇ ಎಡಗೈ ಸಡಿಲವಾಗಿ ಸದ್ದು ಅಡಗುತ್ತದೆ, ಮುಂದಿನ ಬೀಟ್‌ಗೆ ಮತ್ತೆ ಹುಟ್ಟುತ್ತದೆ. ವಾದ್ಯದ ಸದ್ದು ತಾನಾಗಿಯೇ ಬೇಗ ಕುಗ್ಗುತ್ತಿದ್ದುದರಿಂದ ಕೈಗೆ ಉಳಿದ ಕೆಲಸ ಸ್ವಲ್ಪವೇ ಆಗಿತ್ತು. 1936ರಲ್ಲಿ ಗಿಬ್ಸನ್ ಕಂಪನಿಯ ಇಎಸ್-150 ಎಲೆಕ್ಟ್ರಿಕ್ ಗಿಟಾರ್ ಬಂದು, 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡಕ್ಕೆ ಸೇರಿದ ಚಾರ್ಲಿ ಕ್ರಿಶ್ಚಿಯನ್ ಅವರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇರುವ ಗಿಟಾರಿನಲ್ಲಿ ಒಂಟಿ ಸ್ವರಗಳ ಸೋಲೋ ನುಡಿಸಿ ತೋರಿಸಿದ ಮೇಲೆ ವಾದ್ಯದ ಸ್ವಭಾವವೇ ಬದಲಾಯಿತು. ತಂತಿಯ ಕಂಪನ ಕ್ಷೀಣಿಸುತ್ತ ಬಂದರೂ ಆಂಪ್ ಅದನ್ನು ಎತ್ತಿ ಕೇಳಿಸುತ್ತದೆ. ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒರಟಾಗಿಸುವುದು) ಸೇರಿದರಂತೂ ಜೋರು ಸದ್ದು ಒಂದು ಮಿತಿಯಲ್ಲಿ ಕತ್ತರಿಸಲ್ಪಟ್ಟು, ಬಾಲದ ಸಣ್ಣ ಸದ್ದು ಅದಕ್ಕೆ ಸಮೀಪವಾಗಿ ಮೇಲೇರಿ, ಸ್ವರ ಮುಗಿಯುವ ಲಕ್ಷಣವನ್ನೇ ತೋರುವುದಿಲ್ಲ. ಸೋಲೋ ನುಡಿಸುವವರಿಗೆ ಇದು ವರ. ರಿದಮ್ ನುಡಿಸುವವರಿಗೆ ಮಾತ್ರ, ಸದ್ದನ್ನು ನಿಲ್ಲಿಸುವ ಹೊಣೆ ಪೂರ್ತಿಯಾಗಿ ಕೈಗಳ ಮೇಲೆ ಬಿತ್ತು.

ಈ ಹೊಣೆಯನ್ನೇ ಒಂದು ಶೈಲಿಯಾಗಿ ಬೆಳೆಸಿದವರಲ್ಲಿ ಜಿಮ್ಮಿ ನೋಲನ್ ಅವರ ಹೆಸರು ಮೊದಲು ಬರುತ್ತದೆ. 1965ರಲ್ಲಿ ಗಾಯಕ ಜೇಮ್ಸ್ ಬ್ರೌನ್ ಅವರ ತಂಡ ಸೇರಿದ ಅವರು, ಎಡಗೈ ಬೆರಳುಗಳಿಂದ ತಂತಿಗಳನ್ನು ಫ್ರೆಟ್‌ಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ಪೂರ್ತಿ ಒತ್ತದೆ ಸುಮ್ಮನೆ ಮುಟ್ಟಿಕೊಂಡಿದ್ದು, ಬಲಗೈಯನ್ನು ಬ್ರಿಡ್ಜ್ (ತಂತಿಗಳು ವಾದ್ಯದ ಮೈಮೇಲೆ ಆನುವ ಕುದುರೆ) ಹತ್ತಿರ ವೇಗವಾಗಿ ಮೇಲೆ ಕೆಳಗೆ ಆಡಿಸುತ್ತ, ಬೇಕೆಂದ ಕ್ಷಣದಲ್ಲಿ ಮಾತ್ರ ಬೆರಳನ್ನು ಒತ್ತಿ ಬಿಡುವ ಕ್ರಮವನ್ನು ರೂಢಿಸಿಕೊಂಡಿದ್ದರು. ಒತ್ತಿದಾಗ ಕಾರ್ಡ್ ಕೇಳಿಸುತ್ತದೆ. ಒತ್ತದಿರುವಾಗ ಸ್ವರಸ್ಥಾನವಿಲ್ಲದ ಒಣ ಕೆರೆತದ ಸದ್ದು ಮಾತ್ರ ಬರುತ್ತದೆ. ಕೋಳಿ ನೆಲ ಕೆದಕುವ ಸದ್ದನ್ನು ಹೋಲುವುದರಿಂದ ಈ ಶೈಲಿಗೆ ಚಿಕನ್ ಸ್ಕ್ರ್ಯಾಚ್ ಎಂದು ಹೆಸರು. ಅದೇ ತಂಡದ ಡ್ರಮ್ಸ್, ಬಾಸ್ ಮತ್ತು ಹಾರ್ನ್ ವಾದಕರೂ ಚಿಕ್ಕ ಚಿಕ್ಕ ತುಣುಕುಗಳನ್ನು ನುಡಿಸಿ ನಡುವೆ ಜಾಗ ಬಿಡುತ್ತಿದ್ದರು. ಒಬ್ಬರ ಸದ್ದು ನಿಂತ ಜಾಗದಲ್ಲಿ ಇನ್ನೊಬ್ಬರದು ಕೇಳಿಸುತ್ತದೆ. ಫಂಕ್ ಸಂಗೀತದ ಹೆಣಿಗೆ ಇರುವುದೇ ಹೀಗೆ. ಗಿಟಾರ್ ಒಂದು ಕ್ಷಣ ಹೆಚ್ಚು ಧ್ವನಿಸಿದರೂ ಆ ಹೆಣಿಗೆಯ ಒಂದು ಕಣ್ಣು ಮುಚ್ಚಿಹೋಗುತ್ತದೆ.

ಇದರ ಗಣಿತವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟ್‌ನ ಅವಧಿ 500 ಮಿಲಿಸೆಕೆಂಡ್. ಅದನ್ನು ನಾಲ್ಕಾಗಿ ಸೀಳಿದಾಗ ಸಿಗುವ ಸಿಕ್ಸ್‌ಟೀನ್ತ್ ನೋಟ್‌ಗೆ 125 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಅಷ್ಟರೊಳಗೆ ಒತ್ತಿ, ಮೀಟಿ, ಬಿಡುವ ಮೂರೂ ಕೆಲಸಗಳು ಮುಗಿಯಬೇಕು. ಪ್ರತಿಯೊಂದು ಪೆಟ್ಟನ್ನೂ ಬೇರೆಬೇರೆಯಾಗಿ ಯೋಚಿಸಿ ನುಡಿಸಲು ಇಲ್ಲಿ ಸಮಯವಿಲ್ಲ. ಆದ್ದರಿಂದ ಫಂಕ್ ಮತ್ತು ಡಿಸ್ಕೊ ವಾದಕರು ಬಲಗೈಯನ್ನು ಬಾರಿಗೆ ಹದಿನಾರು ಪೆಟ್ಟಿನಂತೆ ನಿಲ್ಲಿಸದೆ ಆಡಿಸುತ್ತಾರೆ; ಯಾವ ಪೆಟ್ಟು ಕಾರ್ಡ್ ಆಗಬೇಕು, ಯಾವುದು ಒಣ ಸದ್ದಾಗಬೇಕು ಎಂಬ ಆಯ್ಕೆಯನ್ನು ಎಡಗೈಗೆ ಬಿಡುತ್ತಾರೆ; ಪೂರ್ತಿ ಮೌನ ಬೇಕಾದ ಕಡೆ ಬಲಗೈ ತಂತಿಗೆ ತಾಗದೆ ಗಾಳಿಯಲ್ಲೇ ಹಾದುಹೋಗುತ್ತದೆ. ಶಿಕ್ ತಂಡದ ನೈಲ್ ರಾಜರ್ಸ್ ಅವರ ವಾದನದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 1979ರ ‘ಗುಡ್ ಟೈಮ್ಸ್’ ಹಾಡನ್ನು ಕೇಳುವಾಗ ಮೊದಲು ಬರ್ನಾರ್ಡ್ ಎಡ್ವರ್ಡ್ಸ್ ಅವರ ಬಾಸ್ ಕಿವಿಗೆ ಬೀಳುತ್ತದೆ, ಗಿಟಾರ್ ಹಿನ್ನೆಲೆಯಲ್ಲಿದ್ದಂತೆ ತೋರುತ್ತದೆ. ಗಿಟಾರನ್ನಷ್ಟೇ ಗಮನಿಸಿ ಎರಡನೇ ಸಲ ಕೇಳಿದರೆ, ಹಾಡಿನ ಓಟವನ್ನು ಕಾಯುತ್ತಿರುವುದು ಆ ನಿಲ್ಲದ ಬಲಗೈ ಎಂಬುದು ತಿಳಿಯುತ್ತದೆ.

ಈ ಅಭ್ಯಾಸವನ್ನು ಆರಂಭಿಸಲು ಒಂದೇ ಒಂದು ಕಾರ್ಡ್ ಸಾಕು. ಇ ನೈನ್ತ್ ಕಾರ್ಡ್ ತೆಗೆದುಕೊಳ್ಳಿ: ಆರನೇ (ಅತಿ ದಪ್ಪನೆಯ) ತಂತಿಯನ್ನು ಮೀಟಬಾರದು, ಐದನೇ ತಂತಿಯಲ್ಲಿ ಏಳನೇ ಫ್ರೆಟ್, ನಾಲ್ಕನೇ ತಂತಿಯಲ್ಲಿ ಆರನೇ ಫ್ರೆಟ್, ಉಳಿದ ಮೂರು ತಂತಿಗಳಲ್ಲೂ ಏಳನೇ ಫ್ರೆಟ್. ಇದರಲ್ಲಿ ಖಾಲಿ ತಂತಿಯೇ ಇಲ್ಲವಾದ್ದರಿಂದ ಬೆರಳು ಸಡಿಲಿಸಿದ ಕೂಡಲೇ ಸದ್ದು ಸಾಯುತ್ತದೆ. ಖಾಲಿ ತಂತಿಗಳಿರುವ ಸಿ, ಜಿ, ಡಿ ಮುಂತಾದ ಕಾರ್ಡ್‌ಗಳಲ್ಲಿ ಎಡಗೈ ಬಿಟ್ಟರೂ ಕೆಲವು ತಂತಿಗಳು ನುಡಿಯುತ್ತಲೇ ಇರುತ್ತವೆ. ಅವನ್ನು ನಿಲ್ಲಿಸಲು ಬಲಗೈಯ ಅಂಚನ್ನೋ ಎಡಗೈಯ ಕಿರುಬೆರಳನ್ನೋ ಅಡ್ಡಲಾಗಿ ಇಡಬೇಕಾಗುತ್ತದೆ. ಫಂಕ್ ವಾದಕರು ಖಾಲಿ ತಂತಿಗಳಿಂದ ದೂರ ಇರುವುದಕ್ಕೆ ಇದೇ ಕಾರಣ.

ಎಣಿಕೆಗೆ ನಮ್ಮ ಕೈಯಲ್ಲಿರುವ ಒಳ್ಳೆಯ ಸಾಧನವೆಂದರೆ ತಾಳದ ಜತಿಗಳನ್ನು ಬಾಯಲ್ಲಿ ಹೇಳುವ ಕೊನ್ನಕೋಲಿನ ‘ತಕಧಿಮಿ’. ಒಂದು ಬೀಟ್‌ಗೆ ಒಂದು ‘ತಕಧಿಮಿ’ ಹೇಳುತ್ತ, ‘ತ’ ಮತ್ತು ‘ಧಿ’ಗೆ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಕೆಳಗೆ, ‘ಕ’ ಮತ್ತು ‘ಮಿ’ಗೆ ಮೇಲೆ ಹೋಗಲಿ. ಮೊದಲು ಹದಿನಾರೂ ಪೆಟ್ಟುಗಳನ್ನು ಒಣ ಸದ್ದಾಗಿಯೇ ನುಡಿಸಿ, ಆಮೇಲೆ ಮೊದಲ ‘ತ’ ಮಾತ್ರ ಕಾರ್ಡ್ ಆಗಲಿ, ನಂತರ ಎರಡನೇ ಗುಂಪಿನ ‘ಮಿ’, ಮೂರನೆಯದರ ‘ಕ’, ಹೀಗೆ ಒತ್ತುವ ಜಾಗವನ್ನು ಬದಲಿಸುತ್ತ ಹೋಗಬಹುದು. ಮೇಲ್ಮುಖವಾದ ಪೆಟ್ಟುಗಳ ಮೇಲೆ ಕಾರ್ಡ್ ಬರುವಾಗ ಕೈ ತಡವರಿಸುವುದು ಸಹಜ. ಮೃದಂಗ ಅಥವಾ ಹಾಡುಗಾರಿಕೆ ಕಲಿತವರಿಗೆ ಈ ಭಾಗ ಸುಲಭವಾಗಿ ಒದಗುತ್ತದೆಯಾದರೂ, ಅವರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ಆದಿತಾಳದ ಎಂಟು ಎಣಿಕೆಗಳಲ್ಲಿ ಕೈಪೆಟ್ಟು ಬೀಳುವುದು ಒಂದು, ಐದು ಮತ್ತು ಏಳರ ಮೇಲೆ. ರಾಕ್, ಸೋಲ್, ಫಂಕ್ ಸಂಗೀತದಲ್ಲಿ ಸ್ನೇರ್ ಡ್ರಮ್‌ನ ಪೆಟ್ಟು ಬೀಳುವುದು ನಾಲ್ಕು ಬೀಟ್‌ಗಳಲ್ಲಿ ಎರಡನೆಯ ಮತ್ತು ನಾಲ್ಕನೆಯದರ ಮೇಲೆ. ಎಣಿಕೆ ಸರಿಯಾಗಿದ್ದೂ ಒತ್ತು ತಪ್ಪಿದರೆ ಹಾಡು ನಡೆಯುವ ರೀತಿಯೇ ಬೇರೆಯಾಗುತ್ತದೆ.

ಆ ಸ್ನೇರ್ ಪೆಟ್ಟಿನ ಜೊತೆ ಗಿಟಾರ್ ಎಷ್ಟು ನಿಕಟವಾಗಿ ಬೆರೆಯಬಹುದು ಎಂಬುದಕ್ಕೆ ಮೆಂಫಿಸ್ ನಗರದ ಸ್ಟಾಕ್ಸ್ ಸ್ಟುಡಿಯೊದ ಧ್ವನಿಮುದ್ರಿಕೆಗಳು ಪಾಠದಂತಿವೆ. ವಿಲ್ಸನ್ ಪಿಕೆಟ್ ಅವರ 1965ರ ‘ಇನ್ ದ ಮಿಡ್‌ನೈಟ್ ಅವರ್’ ಹಾಡಿನಲ್ಲಿ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಮತ್ತು ಡ್ರಮ್ಸ್ ವಾದಕ ಆಲ್ ಜಾಕ್ಸನ್ ಇಬ್ಬರೂ ಎರಡು ಮತ್ತು ನಾಲ್ಕನೇ ಬೀಟ್‌ಗಳನ್ನು ಕೂದಲೆಳೆಯಷ್ಟು ತಡವಾಗಿ, ಆದರೆ ಒಟ್ಟಿಗೇ ಬಾರಿಸುತ್ತಾರೆ. ಕ್ರಾಪರ್ ಅವರ ಗಿಟಾರಿನ ಚುರುಕಾದ, ಗಿಡ್ಡ ಕಾರ್ಡ್ ಸ್ನೇರ್‌ನ ಸದ್ದಿಗೆ ಅಂಟಿಕೊಂಡು ಎರಡೂ ಒಂದೇ ವಾದ್ಯದಂತೆ ಕೇಳಿಸುತ್ತವೆ. ತಡ ಎಂದರೆ ಇಲ್ಲಿ ಕಾಲಪ್ರಮಾಣ ಕುಸಿಯುವುದೆಂದು ತಿಳಿಯಬಾರದು. ಒಂದನೆಯ ಬೀಟ್ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಕಲಿಯುವವರು ಈ ತಡವನ್ನು ಅನುಕರಿಸುವ ಮೊದಲು ಬೀಟ್‌ನ ನೇರಕ್ಕೆ ನುಡಿಸುವುದನ್ನು ಗಟ್ಟಿಮಾಡಿಕೊಳ್ಳುವುದು ವಿವೇಕ.

ಡಿಸ್ಟಾರ್ಷನ್ ಬಳಸುವ ಸಂಗೀತದಲ್ಲಿ ಸ್ವರದ ಅವಧಿಯ ಜೊತೆಗೆ ಸ್ವರಗಳ ಆಯ್ಕೆಯೂ ಪ್ರಶ್ನೆಯಾಗುತ್ತದೆ. ಡಿಸ್ಟಾರ್ಷನ್ ಮೂಲಕ ಹಾದುಹೋಗುವ ಎರಡು ಸ್ವರಗಳು, ತಮ್ಮ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಕ್ಕೆ ಸಮನಾದ ಹೊಸ ಸ್ವರಗಳನ್ನು ಹುಟ್ಟಿಸುತ್ತವೆ. ಗಿಟಾರಿನ ಆರನೇ ತಂತಿಯ ಇ ಸ್ವರ ಸುಮಾರು 82.4 ಹರ್ಟ್ಸ್; ಅದರ ಪಂಚಮವಾದ ಬಿ ಸುಮಾರು 123.5 ಹರ್ಟ್ಸ್. ವ್ಯತ್ಯಾಸ ಸುಮಾರು 41 ಹರ್ಟ್ಸ್, ಅಂದರೆ ಅದೇ ಇ ಸ್ವರ, ಒಂದು ಸ್ಥಾಯಿ ಕೆಳಗೆ. ಷಡ್ಜ ಪಂಚಮಗಳಷ್ಟೇ ಇರುವ ಪವರ್ ಕಾರ್ಡ್ ಡಿಸ್ಟಾರ್ಷನ್‌ನಲ್ಲಿ ಅಷ್ಟು ತುಂಬಿಕೊಂಡು ಕೇಳಿಸಲು ಇದು ಮುಖ್ಯ ಕಾರಣ. ಅಂತರ ಗಾಂಧಾರವನ್ನು ಸೇರಿಸಿದಿರೋ, ಗಿಟಾರಿನ ಫ್ರೆಟ್‌ಗಳು ಕೊಡುವ ಆ ಸ್ವರ ಶುದ್ಧ ಅನುಪಾತದ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಹೆಚ್ಚಾಗಿರುವುದರಿಂದ, ಹುಟ್ಟುವ ಹೊಸ ಸ್ವರಗಳು ಮೂಲ ಕಾರ್ಡ್‌ಗೆ ಹೊಂದದೆ ಸದ್ದು ಕಲಕಿಹೋಗುತ್ತದೆ. ತಂಬೂರಿಯ ಶ್ರುತಿಗೆ ಪಳಗಿದ ಕಿವಿಗೆ ಈ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಗೇನ್ (ಆಂಪ್‌ನಲ್ಲಿ ಡಿಸ್ಟಾರ್ಷನ್‌ನ ಪ್ರಮಾಣವನ್ನು ಏರಿಸುವ ಹಿಡಿತ) ಹೆಚ್ಚಿದಷ್ಟೂ ಸದ್ದು ದೊಡ್ಡದಾಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಎಸಿ/ಡಿಸಿ ತಂಡದ ಮಾಲ್ಕಮ್ ಯಂಗ್ ಅವರ ವಾದನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 1973ರಲ್ಲಿ ಸಿಡ್ನಿಯಲ್ಲಿ ಆ ತಂಡವನ್ನು ಕಟ್ಟಿದ ಸಹೋದರರಲ್ಲಿ ತಮ್ಮ ಆಂಗಸ್ ಸೋಲೋ ನುಡಿಸುತ್ತ ವೇದಿಕೆಯ ತುಂಬ ಓಡಾಡಿದರೆ, ಮಾಲ್ಕಮ್ ಅವರು ಹಿಂದೆ ಡ್ರಮ್ಸ್ ಪಕ್ಕ ನಿಂತು ರಿದಮ್ ನುಡಿಸುತ್ತಿದ್ದರು. ಅವರ ಗ್ರೆಚ್ ಗಿಟಾರಿನಲ್ಲಿ ಬ್ರಿಡ್ಜ್ ಬಳಿಯ ಒಂದೇ ಪಿಕಪ್ ಉಳಿಸಿಕೊಂಡಿದ್ದರು, ತಂತಿಗಳು ದಪ್ಪ, ಆಂಪ್‌ನ ಗೇನ್ ಜನ ಊಹಿಸುವುದಕ್ಕಿಂತ ಬಹಳ ಕಡಿಮೆ. 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಹಾಡಿನ ರಿಫ್‌ನಲ್ಲಿ ಕಾರ್ಡ್‌ಗಳ ನಡುವೆ ಇರುವ ಖಾಲಿ ಜಾಗವನ್ನು ಗಮನಿಸಿ. ಅಲ್ಲಿ ಗಿಟಾರಿನ ಸದ್ದು ಚೂಪಾಗಿ ನಿಲ್ಲುವುದರಿಂದಲೇ ಡ್ರಮ್ಸ್ ಅಷ್ಟು ದೊಡ್ಡದಾಗಿ ಕೇಳಿಸುತ್ತದೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಗೇನ್ ತುಂಬಿಸಿಕೊಂಡ ಸದ್ದು ಹಿತವಾಗಿರುತ್ತದೆ, ನಿಜ. ಬ್ಯಾಂಡ್‌ನಲ್ಲಿ ಅದೇ ಸದ್ದು ಎಲ್ಲರ ಜಾಗವನ್ನೂ ನುಂಗುತ್ತದೆ.

ಗೇನ್ ನಿಜವಾಗಿಯೂ ಹೆಚ್ಚಾಗಿರಲೇಬೇಕಾದ ಮೆಟಲ್ ಸಂಗೀತದಲ್ಲಿ ನಿಲ್ಲಿಸುವ ಕೆಲಸವನ್ನು ಬಲ ಅಂಗೈ ವಹಿಸಿಕೊಳ್ಳುತ್ತದೆ. ಅಂಗೈಯ ಅಂಚನ್ನು ಬ್ರಿಡ್ಜ್ ಮೇಲೆ, ತಂತಿಗಳು ಹೊರಡುವ ಜಾಗದಲ್ಲಿ ಊರಿ ಮೀಟುವುದೇ ಪಾಮ್ ಮ್ಯೂಟ್. ಅಂಗೈ ಒಂದಿಷ್ಟು ಮುಂದೆ ಸರಿದರೆ ಸ್ವರ ಸತ್ತೇ ಹೋಗುತ್ತದೆ, ಹಿಂದೆ ಸರಿದರೆ ಮ್ಯೂಟ್ ಆಗುವುದೇ ಇಲ್ಲ. ಮೆಟಾಲಿಕಾ ತಂಡದ ಜೇಮ್ಸ್ ಹೆಟ್‌ಫೀಲ್ಡ್ ಅವರು 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡಿನ ಮುಖ್ಯ ರಿಫ್ಫನ್ನು ನಿಮಿಷಕ್ಕೆ ಸುಮಾರು 210 ಬೀಟ್ ವೇಗದಲ್ಲಿ ಬರೀ ಡೌನ್‌ಸ್ಟ್ರೋಕ್‌ಗಳಿಂದ (ಕೆಳಮುಖ ಪೆಟ್ಟುಗಳಿಂದ) ನುಡಿಸುತ್ತಾರೆ, ಅಂದರೆ ಬೀಟ್‌ಗೆ ಎರಡರಂತೆ ಸೆಕೆಂಡಿಗೆ ಏಳರಷ್ಟು ಪೆಟ್ಟು. ಒಂದು ಕೆಳಗೆ ಒಂದು ಮೇಲೆ ಎಂದು ನುಡಿಸಿದರೆ ಶ್ರಮ ಅರ್ಧವಾಗುತ್ತದೆಯಾದರೂ ಪ್ರತಿ ಪೆಟ್ಟಿನ ತೂಕ ಸಮವಾಗಿ ಉಳಿಯುವುದಿಲ್ಲ. ಇದನ್ನು ಅಭ್ಯಾಸ ಮಾಡುವವರು ಮುಂಗೈ ಬಿಗಿಯತೊಡಗಿದ ಕೂಡಲೇ ನಿಲ್ಲಿಸಬೇಕು. ನೋವನ್ನು ಮೀರಿ ಮುಂದುವರಿಸುವುದರಿಂದ ವೇಗ ಬರುವುದಿಲ್ಲ.

ಬಾಸ್ ಗಿಟಾರಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಅದರ ನಾಲ್ಕು ತಂತಿಗಳು ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗಿರುವುದರಿಂದ, ಬ್ಯಾಂಡ್‌ನಲ್ಲಿ ಆರೂ ತಂತಿಗಳ ಕಾರ್ಡ್ ಬಾರಿಸುವ ಅಗತ್ಯ ಬಹಳ ಕಡಿಮೆ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರು 1960ರ ದಶಕದ ಕೊನೆಯಿಂದ ಆರನೇ ತಂತಿಯನ್ನೇ ತೆಗೆದುಹಾಕಿ, ಉಳಿದ ಐದನ್ನು ಜಿ-ಡಿ-ಜಿ-ಬಿ-ಡಿ ಎಂದು ಶ್ರುತಿ ಮಾಡಿಕೊಂಡು ನುಡಿಸತೊಡಗಿದರು. ಜಮೈಕಾದ ರೆಗ್ಗೆಯಲ್ಲಂತೂ ಗಿಟಾರ್ ಮೇಲಿನ ಮೂರು ನಾಲ್ಕು ತಂತಿಗಳಲ್ಲಿ, ಬೀಟ್ ಬಿಟ್ಟ ಜಾಗದಲ್ಲಿ ಗಿಡ್ಡ ಪೆಟ್ಟನ್ನು ಕೊಟ್ಟು ಸುಮ್ಮನಾಗುತ್ತದೆ, ಕೆಳಗಿನ ನೆಲವೆಲ್ಲ ಬಾಸ್‌ಗೆ ಸೇರುತ್ತದೆ.

ಸೋಲೋ ಕನಸು ಕಾಣುವವರು ಇದನ್ನೆಲ್ಲ ಬೇರೆಯವರ ಪಾಠವೆಂದು ಬದಿಗಿಡಬಾರದು. ಜಿಮಿ ಹೆಂಡ್ರಿಕ್ಸ್ ಅವರು 1967ರಲ್ಲಿ ತಮ್ಮ ಮೊದಲ ಆಲ್ಬಂ ಹೊರತರುವುದಕ್ಕೆ ಮುಂಚೆ ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್ ಮುಂತಾದವರ ತಂಡಗಳಲ್ಲಿ ಹಿಂದೆ ನಿಂತು ನುಡಿಸಿದವರು. ಅದೇ ವರ್ಷದ ‘ಲಿಟಲ್ ವಿಂಗ್’ ಹಾಡಿನ ಆರಂಭದಲ್ಲಿ ಕಾರ್ಡ್ ಎಲ್ಲಿ ಮುಗಿದು ಒಂಟಿ ಸ್ವರದ ಅಲಂಕಾರ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಅವಧಿಯ ಅಭ್ಯಾಸಕ್ಕೆ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಒಂದನೇ ಬೀಟ್‌ಗೆ ಕಾರ್ಡ್ ಬಾರಿಸಿ, ಎರಡನೇ ಬೀಟ್‌ನ ಸದ್ದು ಬೀಳುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿ. ಬೀಟ್ ಮುಗಿಯುವ ಹೊತ್ತಿಗೆ ಕೈ ಅವಸರಪಡುವುದು ಇಲ್ಲಿ ಬಯಲಾಗುತ್ತದೆ. ಮುಂದೆ ಒಂದನೇ ಬೀಟ್‌ನದೇ ‘ಧಿ’ಗೆ ನಿಲ್ಲಿಸಿ, ಆಮೇಲೆ ‘ಕ’ಕ್ಕೆ. ಇದು ಕೂಡಿಬಂದ ಬಳಿಕ ಮೆಟ್ರೋನೋಮನ್ನು 50ಕ್ಕೆ ಇಳಿಸಿ, ಅದರ ಸದ್ದನ್ನು ಎರಡು ಮತ್ತು ನಾಲ್ಕನೇ ಬೀಟ್‌ಗಳೆಂದು ಎಣಿಸುತ್ತ, ನಿಮಿಷಕ್ಕೆ 100 ಬೀಟ್ ವೇಗದಲ್ಲಿ ನುಡಿಸಿ. ಒಂದು ಮತ್ತು ಮೂರನೇ ಬೀಟ್‌ಗಳನ್ನು ನೀವೇ ಹೊರಬೇಕಾಗುತ್ತದೆ. ಒಂದೆರಡು ನಿಮಿಷವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುವಾಗ ಕಾರ್ಡ್‌ಗಳ ಆರಂಭವನ್ನು ಬಿಟ್ಟು ಕೊನೆಗಳನ್ನಷ್ಟೇ ಆಲಿಸಿ: ಪ್ರತಿ ಬಾರಿನಲ್ಲೂ ಅವು ಒಂದೇ ಜಾಗದಲ್ಲಿ ಬೀಳುತ್ತಿದ್ದರೆ ವೇಗವನ್ನು ನಾಲ್ಕೈದು ಬೀಟ್‌ನಷ್ಟು ಹೆಚ್ಚಿಸಬಹುದು, ಹಿಂದೆ ಮುಂದೆ ಸರಿಯುತ್ತಿದ್ದರೆ ಅಷ್ಟೇ ಇಳಿಸಿ ಮತ್ತೆ ನುಡಿಸಬೇಕು.